ಆಷಾಢದ ಅಂಗಡಿಗೆ ಗುಬ್ಬಿ ಕಂಪನಿಯ ಪಾಠ

ಆಷಾಢ ಮಾಸ ಬಂತೆಂದರೆ ತುಮಕೂರಿನ ಜವಳಿ ಅಂಗಡಿಗಳ ಮುಂದೆ ರಿಯಾಯಿತಿ ಮಾರಾಟದ ಫಲಕಗಳು ಏರುತ್ತವೆ. ಮದುವೆ, ಗೃಹಪ್ರವೇಶಗಳು ನಿಂತುಹೋಗುವ ಈ ತಿಂಗಳಲ್ಲಿ ಗಿರಾಕಿಯನ್ನು ಸೆಳೆಯಲು ಬೆಲೆ ಇಳಿಸುವುದೊಂದೇ ದಾರಿ ಎಂಬ ನಂಬಿಕೆ ವರ್ತಕ ಸಮುದಾಯದಲ್ಲಿ ಬೇರೂರಿದೆ. ಪಿತೃಪಕ್ಷ ಮತ್ತು ಧನುರ್ಮಾಸಗಳಲ್ಲಿಯೂ ಇದೇ ಕಥೆ. ಈ ನಂಬಿಕೆಯನ್ನು ಒಮ್ಮೆ ಲೆಕ್ಕದ ಪುಸ್ತಕದ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ಒಂದು ಸೀರೆಯ ಅಸಲು 750 ರೂಪಾಯಿ, ಮಾರಾಟದ ಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇಕಡ 15ರ ರಿಯಾಯಿತಿ ನೀಡಿದರೆ 250 ರೂಪಾಯಿಯ ಲಾಭ 100ಕ್ಕೆ ಇಳಿಯುತ್ತದೆ. ಅಂದರೆ ಹತ್ತು ಸೀರೆಗಳಿಂದ ಬರುತ್ತಿದ್ದ ಲಾಭವನ್ನು ಪಡೆಯಲು ಇಪ್ಪತ್ತೈದು ಸೀರೆಗಳನ್ನು ಮಾರಬೇಕು. ಬಾಡಿಗೆ, ವಿದ್ಯುತ್ತು, ಕೆಲಸಗಾರರ ಸಂಬಳ ಮಾತ್ರ ಇಳಿಯುವುದಿಲ್ಲ. ಹಳೆಯ ಸರಕನ್ನು ಖಾಲಿ ಮಾಡಲು ರಿಯಾಯಿತಿ ಉಪಯುಕ್ತವೇ ಹೌದು. ಆದರೆ ಅದೇ ವ್ಯಾಪಾರದ ಏಕೈಕ ಆಯುಧವಾದಾಗ, ಗಿರಾಕಿಯು ಆಷಾಢದವರೆಗೆ ಕಾಯುವುದನ್ನು ಕಲಿಯುತ್ತಾನೆ. ಉಳಿದ ತಿಂಗಳ ವ್ಯಾಪಾರವೂ ಸೊರಗುತ್ತದೆ.

ಬೆಲೆ ಇಳಿಸದೆ ಜನರನ್ನು ಕರೆತರುವ ವಿದ್ಯೆಯನ್ನು ಕಲಿಯಲು ತುಮಕೂರಿನವರು ದೂರ ಹೋಗಬೇಕಾಗಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಊರೂರು ಅಲೆದು ಬದುಕಿದ ಸಂಸ್ಥೆ. ಮಳೆಗಾಲ, ಬರಗಾಲ, ಕೊಯ್ಲಿನ ಕಾಲ ಎಲ್ಲವೂ ಅದರ ಗಲ್ಲಾಪೆಟ್ಟಿಗೆಯ ಮೇಲೆ ಪರಿಣಾಮ ಬೀರುವಂಥವೇ. ಆದರೂ ಡಾ. ಗುಬ್ಬಿ ವೀರಣ್ಣನವರು ಈ ಕಂಪನಿಯನ್ನು ನಾಡಿನ ಮನೆಮಾತನ್ನಾಗಿ ಮಾಡಿದರು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ‘ಸದಾರಮೆ’ಯ ಕಳ್ಳನ ಪಾತ್ರವನ್ನು ನೋಡಿದವರೇ ಮತ್ತೆ ಮತ್ತೆ ಬಂದು ನೋಡಿದರು. ಟಿಕೆಟ್ಟು ಅಗ್ಗವೆಂದು ಜನ ಬಂದದ್ದಲ್ಲ. ನೋಡದೆ ಉಳಿದರೆ ನಷ್ಟ ತಮಗೇ ಎಂದು ಬಂದರು.

ವೃತ್ತಿ ನಾಟಕ ಕಂಪನಿಗಳ ಪ್ರಚಾರ ಕ್ರಮವೂ ಗಮನಾರ್ಹವಾದುದು. ಹಗಲಿನಲ್ಲಿ ಬಂಡಿಯ ಮೇಲೆ ವಾದ್ಯದೊಡನೆ ಸಾರುತ್ತಾ ಕರಪತ್ರ ಹಂಚುವುದು, ಜಾತ್ರೆ ಇರುವಲ್ಲಿಗೆ ಕ್ಯಾಂಪು ಸಾಗಿಸುವುದು, ಊರಿನ ಶಾಲೆಯ ಅಥವಾ ದೇವಸ್ಥಾನದ ಸಹಾಯಾರ್ಥ ಒಂದು ರಾತ್ರಿಯ ಆಟವಾಡುವುದು, ಇವೆಲ್ಲ ಅವರ ರೂಢಿ. ಸಹಾಯಾರ್ಥ ಪ್ರದರ್ಶನದಲ್ಲಿ ಟಿಕೆಟ್ಟು ಮಾರುವ ಹೊಣೆಯನ್ನು ಊರಿನ ಗಣ್ಯರೇ ಹೊರುತ್ತಿದ್ದರು. ಕಂಪನಿಗೆ ಊರಿನ ವಿಶ್ವಾಸ, ಊರಿಗೆ ಶಾಲೆಯ ಕಟ್ಟಡ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಅನೇಕ ಕಂಪನಿಗಳು ಒಂದೇ ಬಯಲಿನಲ್ಲಿ ಬೀಡುಬಿಡುತ್ತವೆ. ಸ್ಪರ್ಧಿಗಳು ಒಟ್ಟಿಗೆ ನಿಂತರೆ ಜನಸಂದಣಿ ಹಂಚಿಹೋಗುವುದಿಲ್ಲ, ಬೆಳೆಯುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ಇದೇ ತತ್ವವನ್ನು ಅಮೆರಿಕದ ಮೈನರ್ ಲೀಗ್ ಬೇಸ್‌ಬಾಲ್ ತಂಡಗಳು ಬೇರೊಂದು ರೀತಿಯಲ್ಲಿ ಪಾಲಿಸುತ್ತಿವೆ. ಚಿಕ್ಕ ಪಟ್ಟಣಗಳಲ್ಲಿ ನೆಲೆಸಿರುವ ಈ ತಂಡಗಳ ಪಂದ್ಯಗಳು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಉಳಿದ ಕಾಲದಲ್ಲಿ ಕ್ರೀಡಾಂಗಣ ಖಾಲಿ. ಅನೇಕ ತಂಡಗಳು ಡಿಸೆಂಬರಿನಲ್ಲಿ ಅದೇ ಕ್ರೀಡಾಂಗಣವನ್ನು ದೀಪಾಲಂಕಾರದ ಉದ್ಯಾನವನ್ನಾಗಿಸುತ್ತವೆ. ಮುಂದಿನ ಋತುವಿನ ಟಿಕೆಟ್ಟುಗಳನ್ನು ಟೋಪಿ, ಅಂಗಿಗಳೊಡನೆ ಕಟ್ಟಿ ಕ್ರಿಸ್‌ಮಸ್ ಉಡುಗೊರೆಯಾಗಿ ಮಾರುತ್ತವೆ. ಕೋವಿಡ್ಡಿನಿಂದ ಪಂದ್ಯಗಳೇ ನಿಂತ 2020ರಲ್ಲಿ ಫ್ಲೋರಿಡಾದ ಪೆನ್ಸಕೋಲಾ ತಂಡವು ತನ್ನ ಕ್ರೀಡಾಂಗಣವನ್ನೇ ರಾತ್ರಿ ತಂಗಲು ಬಾಡಿಗೆಗೆ ಕೊಟ್ಟಿತು. ಆಟವಿಲ್ಲದ ದಿನವೂ ಊರಿನವರು ತಂಡವನ್ನು ಮರೆಯಬಾರದು ಎಂಬುದೇ ಇದರ ಹಿಂದಿನ ವಿವೇಕ.

ಇದನ್ನು ತುಮಕೂರು ಜಿಲ್ಲೆಗೆ ಅನ್ವಯಿಸುವುದು ಕಷ್ಟವೇನಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆಷಾಢಕ್ಕೆ ತವರಿಗೆ ಬರುವುದು ವಾಡಿಕೆ. ವ್ಯಾಪಾರವಿಲ್ಲವೆಂದು ಕೊರಗುವ ತಿಂಗಳಿನಲ್ಲೇ ಭಾದ್ರಪದದ ಗೌರಿ ಹಬ್ಬಕ್ಕೆ ತವರಿನವರು ಕೊಡುವ ಬಾಗಿನದ ಸಿದ್ಧತೆಯನ್ನು ಆರಂಭಿಸಬಹುದು. ಮೊರ, ಬಳೆ, ರವಿಕೆ ಕಣ, ತೆಂಗಿನಕಾಯಿ ಬೇರೆ ಬೇರೆ ಅಂಗಡಿಗಳ ಸರಕು. ನಾಲ್ವರು ವರ್ತಕರು ಒಂದಾಗಿ ಆಷಾಢದಲ್ಲೇ ಮುಂಗಡ ಪಡೆದು, ಹಬ್ಬದ ಮುನ್ನ ಮಗಳ ಮನೆಗೆ ತಲುಪಿಸುವ ವ್ಯವಸ್ಥೆ ಮಾಡಿದರೆ, ಕಲ್ಪತರು ನಾಡಿನ ತೆಂಗಿಗೂ ಗೌರವ, ಗಲ್ಲಾಪೆಟ್ಟಿಗೆಗೂ ಚೈತನ್ಯ. ಕುಣಿಗಲ್ಲಿನ ವರ್ತಕರಿಗೆ ಎಡೆಯೂರು ಸಿದ್ಧಲಿಂಗೇಶ್ವರ ಕ್ಷೇತ್ರದ ಯಾತ್ರಿಕರಿದ್ದಾರೆ. ಮಹಾಶಿವರಾತ್ರಿಯ ಸಿದ್ಧಗಂಗಾ ಜಾತ್ರೆಗೆ ಮಠದ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನದ ಮಾದರಿಯಿದೆ. ವೀರಣ್ಣನವರ ಹೆಸರಿನ ಕಲಾಕ್ಷೇತ್ರ ನಗರದಲ್ಲೇ ಇದೆ. ಅಲ್ಲಿ ವರ್ತಕರ ಸಂಘವೊಂದು ಸರ್ಕಾರಿ ಶಾಲೆಯ ಸಹಾಯಾರ್ಥ ನಾಟಕವೊಂದನ್ನು ಏರ್ಪಡಿಸಿ, ಖರೀದಿಯ ರಸೀತಿಯೊಂದಿಗೆ ಪ್ರವೇಶಪತ್ರ ನೀಡಬಾರದೇಕೆ?

ಸಣ್ಣ ಅಂಗಡಿಯವರಿಗೆ ಇಂಥ ಖರ್ಚು ಸಾಧ್ಯವೇ, ಗಿರಾಕಿಗೆ ಬೇಕಾದುದು ಕಡಿಮೆ ಬೆಲೆ ತಾನೇ ಎಂಬ ಆಕ್ಷೇಪ ಸಹಜವಾದುದು. ಆದರೆ ಬೆಲೆಯ ಪಂದ್ಯದಲ್ಲಿ ಸಣ್ಣ ಅಂಗಡಿ ಗೆಲ್ಲುವುದು ದುಸ್ತರ. 2014ರಿಂದೀಚೆಗೆ ಅಂತರಜಾಲದ ಬೃಹತ್ ಮಾರಾಟಗಾರರು ದಸರಾ, ದೀಪಾವಳಿಗೆ ಮುನ್ನವೇ ಗಿರಾಕಿಯ ಹಣವನ್ನು ಸೆಳೆಯುತ್ತಿದ್ದಾರೆ. ಬೆಂಗಳೂರು ಕೇವಲ 70 ಕಿಲೋಮೀಟರ್ ದೂರದಲ್ಲಿದೆ. ಅವರು ಕೊಡಲಾಗದ್ದು ಒಂದೇ, ಊರಿನ ಸಂಬಂಧ. ಆ ಬಂಡವಾಳವನ್ನು ಹತ್ತು ಜನ ಸೇರಿ ಹೂಡಿದರೆ ಒಬ್ಬೊಬ್ಬರ ಪಾಲಿನ ಖರ್ಚು ಅಲ್ಪವೇ.

ಒಂದು ಎಚ್ಚರಿಕೆ ಅವಶ್ಯ. ಬೆಲೆ ಏರಿಸಿ ರಿಯಾಯಿತಿ ತೋರಿಸುವುದು, ಉಚಿತವೆಂದು ಹೇಳಿ ಅದರ ಬೆಲೆಯನ್ನು ಸರಕಿನಲ್ಲೇ ಸೇರಿಸುವುದು ಸಲ್ಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇಂಥ ನಡೆಗಳನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ಕಾಯ್ದೆಗಿಂತ ಮಿಗಿಲಾದ ಶಿಕ್ಷೆ ಗಿರಾಕಿಯ ಅಪನಂಬಿಕೆ.

ಚಲನಚಿತ್ರ ಬಂದು ನಾಟಕದ ಪ್ರೇಕ್ಷಕರನ್ನು ಕಸಿಯತೊಡಗಿದಾಗ ವೀರಣ್ಣನವರು ಅದನ್ನು ಶಪಿಸುತ್ತ ಕುಳಿತುಕೊಳ್ಳಲಿಲ್ಲ. 1935ರಲ್ಲಿ ‘ಸದಾರಮೆ’ ಚಿತ್ರವಾಯಿತು. 1954ರಲ್ಲಿ ‘ಬೇಡರ ಕಣ್ಣಪ್ಪ’ ಅವರ ಸಂಸ್ಥೆಯ ಹೆಸರಿನಲ್ಲಿ ತೆರೆಗೆ ಬಂದು ರಾಜಕುಮಾರ್ ಅವರನ್ನು ನಾಯಕರನ್ನಾಗಿಸಿತು. ಹೊಸ ಮಾಧ್ಯಮವನ್ನು ತನ್ನದಾಗಿಸಿಕೊಳ್ಳುವ ಈ ಧೈರ್ಯವೇ ಜಿಲ್ಲೆಯ ವರ್ತಕರಿಗೆ ಇಂದು ಬೇಕಾಗಿರುವುದು. ಮುಂದಿನ ಆಷಾಢಕ್ಕೆ ಫಲಕ ಬರೆಸುವ ಮುನ್ನ ನೆರೆಯ ಅಂಗಡಿಯವರೊಡನೆ ಒಂದು ಸಂಜೆ ಕುಳಿತು ಸಮಾಲೋಚಿಸಿದರೆ, ಅದೇ ಶುಭಾರಂಭ.