ಲಿಫ್ಟ್ ಇಳಿಸ್ತಿದೀವಿ, ಗಾಡಿ ಮಾರ್ತಿಲ್ಲ

ಭಾಗ 1
ಫೋಟೋ: ಹುಣಸೆ ಮರದ ಕೆಳಗೆ ಪಿಕಪ್, ಚಕ್ರ ಇಲ್ಲ

"ಯಾಕ್ ಗುರೂ ಇಳಿಸ್ತಿದೀಯ? ಅದರ ಗತ್ತೇ ಹೋಯ್ತಲ್ಲ." ಸ್ಟೋರಿ ಹಾಕಿದ ದಿನದಿಂದ ಇನ್‌ಬಾಕ್ಸ್ ತುಂಬ ಇದೇ ಪ್ರಶ್ನೆ. ನಮ್ಮ ಕ್ಲಾಸಿನವರಂತೂ ಗಾಡಿ ಸತ್ತೇ ಹೋಯ್ತು ಅನ್ನೋ ಥರ ಮೆಸೇಜ್ ಮಾಡಿದಾರೆ. ಒಬ್ಬೊಬ್ಬರಿಗೆ ಉತ್ತರ ಬರೆಯೋಕಾಗಲ್ಲ, ಅದಕ್ಕೇ ಈ ಆರು ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯ್ರಿ.

ಮೊದಲು ಗಾಡಿ ಪರಿಚಯ. ಕಂಪನಿ ಹೆಸರು ಬರೆಯಲ್ಲ, ಬರೆದ್ರೆ ನೀವು ಎರಡು ಪಾರ್ಟಿ ಆಗ್ತೀರಿ. ಜೀಪ್ ಕಾಲದ ಪಿಕಪ್ ಅಂತ ಇಟ್ಕೊಳ್ಳಿ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಎರಡೂ ಕಡೆ ಲೀಫ್ ಸ್ಪ್ರಿಂಗ್, ನಮ್ಮ ಕಡೆ ಪ್ಲೇಟ್ ಅಂತೀವಲ್ಲ ಅದು. ಬೇಕಾದಾಗ ಹಾಕ್ಕೊಳ್ಳೋ ಫೋರ್ ವೀಲ್ ಡ್ರೈವ್, ಪಕ್ಕದಲ್ಲಿ ಲೋ ಗೇರಿನ ಸಣ್ಣ ಲಿವರ್. ಹಿಂದಿನ ಓನರ್ ಅದನ್ನ ನಾಲ್ಕು ಇಂಚು ಎತ್ತಿಸಿದ್ರು. ಮುಂದೆ ಉದ್ದ ಶ್ಯಾಕಲ್, ಜೊತೆಗೆ ಎಕ್ಸ್‌ಟ್ರಾ ಪ್ಲೇಟ್. ಹಿಂದೆ ಪ್ಲೇಟಿಗೂ ಆಕ್ಸಲ್‌ಗೂ ಮಧ್ಯೆ ಕಬ್ಬಿಣದ ಬ್ಲಾಕ್. 28 ಇಂಚಿನ ಟೈರ್ ಇರಬೇಕಾದ ಕಡೆ 31 ಇಂಚಿಂದು. ಫೋಟೋಗೆ ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳ್ಲಿ.

ಅಪ್ಪ ಇದನ್ನ ತಂದಿದ್ದು ಫೋಟೋಗಲ್ಲ. ಎಮ್ಮೆದೊಡ್ಡಿ ಸುತ್ತ ತೋಟದ ದಾರಿ ಹೆಂಗಿರುತ್ತೆ ಅಂತ ಇಲ್ಲಿಯವರಿಗೆ ಗೊತ್ತು. ಬೇಸಿಗೇಲಿ ಕೆಂಪು ಧೂಳು, ನಾಲ್ಕು ಮಳೆ ಬಿದ್ರೆ ಅದೇ ಧೂಳು ಬೆಣ್ಣೆ. ಗೊಬ್ಬರ ಹೋಗಬೇಕು, ತೆಂಗಿನಕಾಯಿ ಬರಬೇಕು, ಅಡಿಕೆ ಸೀಸನ್ನಲ್ಲಿ ಗೊನೆ ಬರಬೇಕು. ಬೀರೂರು, ಕಡೂರಿಗೆ ಟಾರ್ ರೋಡಲ್ಲೂ ಓಡಬೇಕು. ಎರಡೂ ಮಾಡೋ ಗಾಡಿ ಬೇಕು ಅನ್ನೋದಷ್ಟೇ ಲೆಕ್ಕ.

ಭಾಗ 2
ಫೋಟೋ: ಆಕ್ಸಲ್ ಕೆಳಗೆ ಹಿಡಿದ ಸ್ಕೇಲ್

ಈ ಫೋಟೋನ ಎರಡು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿ. ಇಡೀ ವಾದ ಇದರಲ್ಲೇ ಇದೆ.

ಪ್ಲೇಟ್ ಇರೋ ಗಾಡೀನ ಎತ್ತಿದಾಗ ಮೇಲೆ ಹೋಗೋದು ಚಾಸಿ, ಅದರ ಮೇಲಿನ ಬಾಡಿ. ಆಕ್ಸಲ್ ಇದ್ದಲ್ಲೇ ಇರುತ್ತೆ, ಅದು ಕೂತಿರೋದು ಚಕ್ರದ ಮೇಲೆ ತಾನೆ? ಕಲ್ಲಿಗೆ ಮೊದಲು ತಗಲೋದು ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಉಂಡೆ. ನಾಲ್ಕು ಇಂಚಲ್ಲ, ನಾಲ್ಕು ಅಡಿ ಲಿಫ್ಟ್ ಹಾಕಿದ್ರೂ ಆ ಉಂಡೆ ಒಂದು ಕೂದಲೆಳೆ ಮೇಲೆ ಏಳಲ್ಲ. ಅದನ್ನ ಎತ್ತೋದು ದೊಡ್ಡ ಟೈರ್ ಮಾತ್ರ, ಅದೂ ಅರ್ಧ ಲೆಕ್ಕದಲ್ಲಿ: ಟೈರ್ 3 ಇಂಚು ದೊಡ್ಡದಾದ್ರೆ ಆಕ್ಸಲ್ ಏಳೋದು ಒಂದೂವರೆ ಇಂಚು.

ಹಂಗಂತ ಲಿಫ್ಟಿಂದ ಏನೂ ಉಪಯೋಗ ಇಲ್ಲ ಅಂತಿಲ್ಲ. ಕಾಲುವೆ ಏರಿ ದಾಟುವಾಗ ಹೊಟ್ಟೆ ತಗಲಲ್ಲ, ಮುಂದಿನ ಬಂಪರ್ ದಿಬ್ಬಕ್ಕೆ ಗುದ್ದಲ್ಲ, ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜಲ್ಲ. ಆದ್ರೆ ನಮ್ಮ ದಾರಿಗಳಲ್ಲಿ ಗಾಡಿ ಸಿಕ್ಕಿಹಾಕ್ಕೊಳ್ಳೋದು ಹೊಟ್ಟೆ ತಗಲಿ ಅಲ್ಲ ಕಣ್ರೋ, ಹಿಡಿತ ಸಿಗದೆ. ಒಂದು ಚಕ್ರ ಗಾಳೀಲಿ ತಿರುಗ್ತಿರುತ್ತೆ, ಇನ್ನೊಂದು ಸುಮ್ಮನೆ ನಿಂತಿರುತ್ತೆ. ಮಾಮೂಲಿ ಡಿಫರೆನ್ಷಿಯಲ್ ಇರೋದೇ ಹಂಗೆ. ಅದಕ್ಕೆ ಬೇಕಾಗಿರೋದು ಒಳ್ಳೇ ಹಲ್ಲಿನ ಟೈರ್, ಬಾಗೋ ಪ್ಲೇಟ್, ಇಳಿಸಿದ ಗಾಳಿ. ಖಾಲಿ ಗಾಡೀಲಿ 35 ಇರೋ ಗಾಳೀನ ಕೆಸರಲ್ಲಿ 22ಕ್ಕೆ ಇಳಿಸಿ ನೋಡಿ. ಟಾರ್ ರೋಡ್ ಹತ್ತೋ ಮುಂಚೆ ವಾಪಸ್ ತುಂಬಿಸಿ, ಪಂಪ್ ಜೊತೇಲೇ ಇರಲಿ. ಆದ್ರೆ ಎಕ್ಸ್‌ಟ್ರಾ ಪ್ಲೇಟ್ ತುಂಬಿ ಎತ್ತಿದ ಗಾಡಿ ಮರದ ಹಲಗೆ ಥರ ಬಾಗೋದೇ ಇಲ್ಲ, ಸಣ್ಣ ಗುಂಡಿಗೂ ಒಂದು ಕಾಲು ಮೇಲೆತ್ತಿ ನಿಂತ್ಕೊಳ್ಳುತ್ತೆ. ಅಂದ್ರೆ ಆಫ್ ರೋಡ್‌ಗೆ ಅಂತ ಮಾಡಿಸಿದ್ದೇ ಆಫ್ ರೋಡಲ್ಲಿ ಕೆಲಸ ಕೆಡಿಸ್ತು.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪ್ ಗೊತ್ತಲ್ಲ, 1940ರ ದಶಕದ ಕೊನೇಲಿ ಮಹೀಂದ್ರಾದವರು ನಮ್ಮ ದೇಶದಲ್ಲಿ ಜೋಡಿಸೋಕೆ ಶುರು ಮಾಡಿದ್ರಲ್ಲ, ಅದೇ ಮನೆತನ. ಯುದ್ಧದ ಜೀಪಿನ ಗ್ರೌಂಡ್ ಕ್ಲಿಯರೆನ್ಸ್ ಒಂಬತ್ತು ಇಂಚೂ ಇರಲಿಲ್ಲ, ಎಂಟು ಮುಕ್ಕಾಲು. ಇಂಜಿನ್ 60 ಹಾರ್ಸ್ ಪವರ್. ಟೈರ್ ತೆಳ್ಳಗೆ. ಅದನ್ನ ಇಟ್ಕೊಂಡು ಮರುಭೂಮಿ, ಕಾಡು, ಹಿಮ ಎಲ್ಲಾ ಸುತ್ತಿದ್ರು. ಈಗ ಅಜ್ಜಂಪುರದ ಕಡೆ ಹೋದ್ರೆ ಅಮೃತ ಮಹಲ್ ಹೋರಿ ನೋಡಬಹುದು. ಮೈಸೂರಿನ ಸೈನ್ಯದ ಸಾಮಾನು ಎಳೆಯೋಕೆ ಅಂತಲೇ ಬೆಳೆಸಿದ ತಳಿ, ಅವತ್ತಿನ ಫೋರ್ ಬೈ ಫೋರ್ ಅನ್ನಿ. ಅದಕ್ಕೂ ಯಾರೂ ಕಾಲು ಉದ್ದ ಮಾಡಿಸಿರಲಿಲ್ಲ. (ಇದು ಸ್ವಲ್ಪ ಜಾಸ್ತಿ ಆಯ್ತು, ಬಿಡಿ.)

ಭಾಗ 3
ಫೋಟೋ: ಹಳೇ ಕ್ರಾಸ್, ಎಳೆದು ನಿಂತ ಬ್ರೇಕ್ ಹೋಸ್

ಎತ್ತಿದ ಗಾಡಿ ಓಡಿಸಿದವರಿಗೆ ಈ ಕಾಯಿಲೆ ಎಲ್ಲಾ ಗೊತ್ತಿರುತ್ತೆ, ಕಾರಣ ಗೊತ್ತಿರಲ್ಲ ಅಷ್ಟೆ.

ಸ್ಟೇರಿಂಗ್. ಮುಂದಿನ ಆಕ್ಸಲ್ ಸ್ವಲ್ಪ ಹಿಂದಕ್ಕೆ ವಾಲಿದ ಕೋನದಲ್ಲಿ ಕೂತಿರುತ್ತೆ, ಕ್ಯಾಸ್ಟರ್ ಅಂತಾರೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆ ಇರುತ್ತಲ್ಲ, ಅದೇ. ಆ ಓರೆ ಇರೋದಕ್ಕೇ ಕೈ ಬಿಟ್ರೆ ಸ್ಟೇರಿಂಗ್ ತಾನಾಗೇ ನೇರ ಆಗೋದು. ನಮ್ಮ ಗಾಡೀಲಿ ಶ್ಯಾಕಲ್ ಇರೋದು ಪ್ಲೇಟಿನ ಮುಂದಿನ ತುದೀಲಿ. ಅದನ್ನ ಉದ್ದ ಮಾಡಿದ್ರೆ ಆಕ್ಸಲ್ ಮುಂದಕ್ಕೆ ತಿರುಗಿ ಕ್ಯಾಸ್ಟರ್ ಕಮ್ಮಿ ಆಗುತ್ತೆ. ಆಮೇಲೆ 60ರಲ್ಲಿ ಗಾಡಿ ಹಾವಿನ ಥರ. ಅದರ ಜೊತೆ ಸ್ಟೇರಿಂಗಿಂದ ಚಕ್ರಕ್ಕೆ ಹೋಗೋ ರಾಡ್ ಕಡಿದಾಗಿ ನಿಲ್ಲುತ್ತೆ. ಹಂಪ್ ಹತ್ತಿದ್ರೆ ಸಾಕು, ನೀವು ತಿರುಗಿಸದೇ ಚಕ್ರ ತಿರುಗುತ್ತೆ.

ಪ್ರೊಪೆಲ್ಲರ್ ಶಾಫ್ಟ್. ಎರಡು ತುದೀಲೂ ಕ್ರಾಸ್ ಇದೆ. ಎರಡೂ ಕಡೆಯ ಕೋನ ಸಮ ಇದ್ರೆ ಒಂದರ ಏರಿಳಿತವನ್ನ ಇನ್ನೊಂದು ಸರಿದೂಗಿಸುತ್ತೆ. ಎತ್ತಿದಾಗ ಕೋನ ಜಾಸ್ತಿ ಆಗುತ್ತೆ, ಎರಡು ಬೇರೆ ಬೇರೆಯೂ ಆಗಬಹುದು. ಸೀಟಿನ ಕೆಳಗೆ ಗುರ್ ಅನ್ನೋ ನಡುಕ ಅದೇ. "ಕ್ರಾಸ್ ಕಂಪನಿ ಸರಿ ಇಲ್ಲ" ಅಂತ ಬದಲಾಯಿಸ್ತಾನೇ ಇರ್ತೀವಿ, ಅದು ಸವೀತಾನೇ ಇರುತ್ತೆ.

ಬ್ರೇಕ್. ಇದಕ್ಕೆ ನಗಬೇಡಿ. ಚಾಸಿಯಿಂದ ಆಕ್ಸಲ್‌ಗೆ ಇಳಿಯೋ ರಬ್ಬರ್ ಹೋಸ್ ಮೊದಲಿನ ಎತ್ತರಕ್ಕೆ ಅಳತೆ ಮಾಡಿದ್ದು. ಲಿಫ್ಟ್ ಆದ್ಮೇಲೆ ಚಕ್ರ ಗುಂಡಿಗೆ ಇಳಿದಾಗ ಅದು ತಂತಿ ಥರ ಬಿಗಿಯುತ್ತೆ. ಟೈರ್ 28ರಿಂದ 31 ಆದ್ರೆ ಅದೇ ಪೆಡಲ್ ಒತ್ತಡಕ್ಕೆ ರೋಡಲ್ಲಿ ಸಿಗೋ ಬ್ರೇಕ್ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಕಮ್ಮಿ. ಮೀಟರ್ 60 ತೋರಿಸುವಾಗ ನೀವು 66 ದಾಟಿರ್ತೀರಿ. ಜಾಸ್ತಿ ಸ್ಪೀಡ್, ಕಮ್ಮಿ ಬ್ರೇಕ್, ಎರಡೂ ಒಟ್ಟಿಗೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಕೆಲವು ಪಿಕಪ್ಪಲ್ಲಿ ಹಿಂದಿನ ಆಕ್ಸಲ್‌ಗೆ ಒಂದು ರಾಡ್ ಕಟ್ಟಿರ್ತಾರೆ. ಲೋಡ್ ಬಿದ್ದು ಗಾಡಿ ತಗ್ಗಿದ್ರೆ ಹಿಂದಿನ ಬ್ರೇಕಿಗೆ ಒತ್ತಡ ಜಾಸ್ತಿ ಬಿಡೋದು ಅದರ ಕೆಲಸ. ಗಾಡಿ ಎತ್ತಿ ರಾಡ್ ಹಂಗೇ ಬಿಟ್ರೆ, ಒಂದು ಟನ್ ಹೇರಿದ್ರೂ ಅದು "ಗಾಡಿ ಖಾಲಿ ಇದೆ" ಅಂದ್ಕೊಂಡು ಹಿಂದಿನ ಬ್ರೇಕ್ ಕಮ್ಮಿ ಕೊಡುತ್ತೆ.

ಭಾಗ 4
ಫೋಟೋ: ಫೀಲರ್ ಗೇಜ್, ಟ್ಯಾಪೆಟ್ ಕವರ್ ತೆಗೆದ ಇಂಜಿನ್

ಟ್ಯೂನಿಂಗ್ ಅಂದ್ರೆ ಕರೀ ಹೊಗೆ ಅಂತ ಯಾರು ಹೇಳಿಕೊಟ್ರು ನಿಮಗೆ? ರೀಲ್ಸಾ?

ಹಳೇ ಡೀಸೆಲ್ ಪಂಪಲ್ಲಿ ಡೀಸೆಲ್ ಜಾಸ್ತಿ ಮಾಡೋ ಸ್ಕ್ರೂ ಇರುತ್ತೆ, ನಿಜ. ತಿರುಗಿಸಿದ್ರೆ ಎಳೆತ ಸ್ವಲ್ಪ ಏರುತ್ತೆ, ಅದೂ ನಿಜ. ಆದ್ರೆ ಇಂಜಿನ್ ಒಳಗೆ ಹೋಗೋ ಗಾಳಿ ಅಷ್ಟೇ ಇರುತ್ತಲ್ಲ? ಸುಡದೇ ಉಳಿದ ಡೀಸೆಲ್ಲೇ ಆ ಕರೀ ಹೊಗೆ. ಹಿಂದೆ ಬರೋ ಬೈಕಿನವನ ಮುಖಕ್ಕೆ ನಾವು ಉಗುಳ್ತಿರೋದು ನಮ್ಮದೇ ದುಡ್ಡು. ಏರು ಹತ್ತುವಾಗ ಹೊಗೆಯ ಬಿಸಿ ಏರಿ ಪಿಸ್ಟನ್ನಿಗೆ ಏಟು.

ನಾವು ಮಾಡಿದ್ದು ಬೋರ್ ಹೊಡೆಸೋ ಕೆಲಸ. ಏರ್ ಫಿಲ್ಟರ್ ಕ್ಲೀನ್. ಡೀಸೆಲ್ ಫಿಲ್ಟರಿನ ನೀರು ಖಾಲಿ. ಮ್ಯಾನುಯಲ್ ನೋಡಿ ಫೀಲರ್ ಗೇಜ್ ಹಿಡಿದು ಟ್ಯಾಪೆಟ್ ಸೆಟ್ಟಿಂಗ್. ನಾಜಲ್, ಪಂಪ್ ಮಾತ್ರ ಬಿಚ್ಚಿ ಟೆಸ್ಟ್ ಬೆಂಚ್ ಇರೋ ಕಡೆ ಕೊಟ್ವಿ, ಅದು ಮನೇಲಿ ಮಾಡೋ ಕೆಲಸ ಅಲ್ಲ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಅರ್ಧ ನಿಮಿಷ ಬಿಳಿ ಹೊಗೆ, ಆಮೇಲೆ ಸೈಲೆನ್ಸರ್ ಸ್ವಚ್ಛ. ವಿಡಿಯೋ ಹಾಕಿದ್ರೆ ಯಾರೂ ಲೈಕ್ ಒತ್ತಲ್ಲ, ಗೊತ್ತು.

ಭಾಗ 5
ಫೋಟೋ: ಹಿಂದಿನ ಬಾಡಿ, ಖಾಲಿ

ಇದು ಸೀರಿಯಸ್ ಪೋಸ್ಟ್.

ಅಡಿಕೆ ಸೀಸನ್ನಲ್ಲಿ ಪಿಕಪ್ ಹಿಂದೆ ಯಾರು ಕೂರ್ತಾರೆ ಅಂತ ನಮಗೆಲ್ಲಾ ಗೊತ್ತು. ಗೂಡ್ಸ್ ಗಾಡೀಲಿ ಜನ ಕೂರಿಸೋಹಂಗಿಲ್ಲ ಅಂತ ಕಾನೂನು ಹೇಳುತ್ತೆ, ಊರಲ್ಲಿ ಸಂಜೆ ಆರೂವರೆಗೆ ಬೇರೆ ಬಸ್ಸಿಲ್ಲ ಅಂತ ಜನ ಹೇಳ್ತಾರೆ. ಕೂರಿಸಬಾರದು ಅನ್ನೋದೇ ನನ್ನ ಅಭಿಪ್ರಾಯ. ಮನೇಲಿ ಇದಕ್ಕೆ ಜಗಳ ಆಗಿದೆ, ಇನ್ನೂ ಮುಗಿದಿಲ್ಲ. ಆದ್ರೆ ಎತ್ತಿದ ಗಾಡೀಲಿ ಕೂರಿಸೋದು ಇನ್ನೂ ಒಂದು ಹೆಜ್ಜೆ ಮುಂದಿನ ಅಪಾಯ.

ಪಿಯುಸಿ ಫಿಸಿಕ್ಸ್ ನೆನಪಿದ್ಯಾ? ಗಾಡಿ ತಿರುವಲ್ಲಿ ಪಲ್ಟಿ ಆಗುತ್ತೋ ಇಲ್ವೋ ಅನ್ನೋದಕ್ಕೆ ಸುಲಭದ ಲೆಕ್ಕ: ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನ ಭಾರದ ಕೇಂದ್ರದ ಎತ್ತರದಿಂದ ಭಾಗಿಸಿ. ಉದಾಹರಣೆಗೆ ಅಗಲ 130 ಸೆಂಟಿಮೀಟರ್, ಎತ್ತರ 70 ಇಟ್ಕೊಳ್ಳಿ. 65 ಭಾಗ 70, ಅಂದ್ರೆ 0.93. ಕೇಂದ್ರ 10 ಸೆಂಟಿಮೀಟರ್ ಮೇಲೆ ಹೋಯ್ತು ಅನ್ನಿ. 65 ಭಾಗ 80, 0.81. ಇನ್ನೂ ಲೋಡ್ ಹಾಕಿಲ್ಲ, ಲೋಡ್ ಮೇಲೆ ಎಂಟು ಜನ ಹತ್ತಿಲ್ಲ, ಕೆಸರು ದಾರಿಯ ಓರೆ ಬಂದಿಲ್ಲ. ನನ್ನ ತಮ್ಮ ಮುಂದಿನ ವರ್ಷ ಲೈಸೆನ್ಸ್ ಮಾಡಿಸ್ತಾನೆ, ಓಡಿಸೋದು ಇದೇ ಗಾಡಿ. ಲಿಫ್ಟ್ ಇಳಿಸೋ ನಿರ್ಧಾರಕ್ಕೆ ನಮ್ಮ ಮನೇಲಿ ಇಷ್ಟೇ ಸಾಕಾಯ್ತು.

ಕಾನೂನೂ ಹೇಳಿಬಿಡ್ತೀನಿ, ಕೇಳಿದೀರಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಕಂಪನಿಯ ಮೂಲ ಅಳತೆ, ವಿವರಕ್ಕೆ ವ್ಯತ್ಯಾಸ ಆಗೋ ಥರ ಗಾಡಿ ಬದಲಾಯಿಸೋಹಂಗಿಲ್ಲ. 2019ರ ಜನವರೀಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿ ಹೇಳ್ತು. ಅದೇ ವರ್ಷದ ತಿದ್ದುಪಡೀಲಿ ಓನರ್‌ಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಬಂತು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಬೇರೆ. "ಯಾರು ಹಿಡೀತಾರೆ ಗುರೂ" ಅನ್ನೋರಿಗೆ ಒಂದೇ ಮಾತು: ಪೊಲೀಸ್ ಹಿಡಿಯೋದು ಬಿಡಿ, ಏನಾದ್ರೂ ಆದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡೋದು ಇದನ್ನೇ.

ಹಳೇ ಗಾಡೀನ ಮೂಲದ ಸ್ಥಿತಿಗೆ ತರೋಕೆ ಯಾವ ಕಾನೂನೂ ಅಡ್ಡ ಇಲ್ಲ. ಅದಕ್ಕೇ ನನಗೆ ರಿಸ್ಟೋರ್ ಅನ್ನೋ ಪದ ಮಾಡಿಫೈಗಿಂತ ಇಷ್ಟ.

ಭಾಗ 6
ಫೋಟೋ: ಕಟ್ ಮಾಡಿದ ಶ್ಯಾಕಲ್

ಮನೇಲೇ ಮಾಡ್ತೀವಿ ಅನ್ನೋರಿಗೆ ನಾಲ್ಕು ಮಾತು, ಆರ್ಡರ್ ಇಲ್ಲದೆ.

ಜಾಕಿ ಇರೋದು ಎತ್ತೋಕೆ. ಅದನ್ನೊಂದೇ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ, ಇಲ್ಲ ಗಟ್ಟಿ ಮರದ ದಿಮ್ಮಿ ಅಡ್ಡ ಉದ್ದ ಜೋಡಿಸಿ. ಸಿಮೆಂಟ್ ಹಾಲೋ ಬ್ಲಾಕ್ ಬೇಡವೇ ಬೇಡ, ಅದು ಬಿರುಕು ಬಿಡೋಲ್ಲ, ಒಂದೇ ಸಲ ಪುಡಿ ಆಗುತ್ತೆ. ಚಾಸಿ ಪೂರ್ತಿ ಸಣ್ಣ ಸುತ್ತಿಗೇಲಿ ತಟ್ಟುತ್ತಾ ಹೋಗಿ. ಟಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಒಳಗೆ ತುಕ್ಕು ತಿಂದಿದೆ. ಬಣ್ಣ ಹೊಡೆಯೋ ಮುಂಚೆ ಇದನ್ನ ಮಾಡಿ, ಆಮೇಲೆ ಅಲ್ಲ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ. ಡೀಸೆಲ್ ಟ್ಯಾಂಕ್ ಖಾಲಿ ಇದ್ರೂ ಮನೇಲಿ ವೆಲ್ಡ್ ಮಾಡಬೇಡಿ, ಒಳಗೆ ಉಳಿದ ಆವಿ ಸಾಕು. ಬ್ರೇಕಿಂದ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ. ಬ್ರೇಕ್ ಆಯಿಲ್ ನೀರು ಹೀರುತ್ತೆ, ವರ್ಷದಿಂದ ಮುಚ್ಚಳ ತೆಗೆದಿಟ್ಟ ಡಬ್ಬಿ ಎಸೀರಿ. ಒಣಗಿದ ಟಾರ್ ರೋಡಲ್ಲಿ ಫೋರ್ ವೀಲ್ ಹಾಕ್ಕೊಂಡು ಓಡಿಸಬೇಡಿ, ಈ ಥರ ಗಾಡೀಲಿ ಮಧ್ಯದ ಡಿಫರೆನ್ಷಿಯಲ್ ಇಲ್ಲ, ತಿರುವಲ್ಲಿ ಗೇರುಗಳು ಒಂದನ್ನೊಂದು ತಿರುಚುತ್ತವೆ.

ನಮ್ಮ ಗಾಡಿ ಈಗ ಎಲ್ಲಿಗೆ ಬಂದಿದೆ ಅಂದ್ರೆ: ಬ್ಲಾಕ್ ಆಚೆ, ಎಕ್ಸ್‌ಟ್ರಾ ಪ್ಲೇಟ್ ಆಚೆ, ಹೊಸ ಯು ಬೋಲ್ಟ್, ಮೂಲ ಅಳತೆಯ ಶ್ಯಾಕಲ್, ಹೊಸ ಬುಶ್. ನಾಲ್ಕೂ ಬ್ರೇಕ್ ಬಿಚ್ಚಿ ಕಟ್ಟಿದ್ವಿ. ದೊಡ್ಡ ಟೈರ್ ಹೋಗುತ್ತೆ, ಅದೇ ದುಡ್ಡಲ್ಲಿ ಮೂಲ ಸೈಜಿನ ಒಳ್ಳೇ ಹಲ್ಲಿನ ಟೈರ್ ಬರುತ್ತೆ. ಮೊದಲ ಮಳೆಗೆ ಮದಗದ ಕೆರೆ ಕಡೆ ದಾರೀಲಿ ಟೆಸ್ಟ್, ಲೋಡ್ ಹಾಕಿ. ಸಿಕ್ಕಿಹಾಕ್ಕೊಂಡ್ರೆ ಅದನ್ನೂ ಹಾಕ್ತೀನಿ, ಕಟ್ ಮಾಡಲ್ಲ.

ಆ ಉದ್ದ ಶ್ಯಾಕಲ್ ಕೇಳಿ ಮೂರು ಜನ ಮೆಸೇಜ್ ಮಾಡಿದೀರಿ, ಅದರಲ್ಲಿ ಒಬ್ಬ ತರೀಕೆರೆಯಿಂದ ಬಂದು ತಗೊಂಡು ಹೋಗ್ತೀನಿ ಅಂದಿದಾನೆ. ಫೋಟೋ ನೋಡು ಮಾರಾಯ. ಗ್ರೈಂಡರಲ್ಲಿ ಎರಡು ತುಂಡು ಮಾಡಿ ಗುಜರಿ ಚೀಲಕ್ಕೆ ಹಾಕಾಗಿದೆ.

#ಎಮ್ಮೆದೊಡ್ಡಿ #ಕಡೂರು #ಹಳೇಪಿಕಪ್ #ಲಿಫ್ಟ್‌ಇಳಿಸಿ