ಹೆಡ್‌ಫೋನುಗಳ ತಾರತಮ್ಯ

ಸಂಗೀತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಬ್ಬರು ಒಂದೆಡೆ ಸೇರಿದರೆ, ಯಾವ ಹೆಡ್‌ಫೋನು ಎಲ್ಲಕ್ಕಿಂತ ಉತ್ತಮವಾದುದು ಎಂಬ ಚರ್ಚೆ ಹುಟ್ಟುವುದು ಇಂದು ಸಾಮಾನ್ಯವಾಗಿದೆ. ಸಾವಿರ ರೂಪಾಯಿಯ ಉಪಕರಣದಿಂದ ಹಿಡಿದು ಲಕ್ಷ ರೂಪಾಯಿಯನ್ನು ಮೀರಿದ ಉಪಕರಣದವರೆಗೆ ಎಲ್ಲಕ್ಕೂ ಅಭಿಮಾನಿಗಳಿದ್ದಾರೆ. ಒಬ್ಬನು ತನ್ನ ಹೆಡ್‌ಫೋನಿನ ನಾದ ತುಂಬಿದೆ ಎನ್ನುತ್ತಾನೆ. ಇನ್ನೊಬ್ಬನು ತನ್ನದು ತಿಳಿಯಾಗಿದೆ ಎನ್ನುತ್ತಾನೆ. ಎರಡೂ ಪ್ರಾಮಾಣಿಕವಾದ ಮಾತುಗಳೇ ಇರಬಹುದು. ಆದರೆ ಪ್ರಾಮಾಣಿಕವಾದ ಅಭಿಪ್ರಾಯವೆಲ್ಲ ಪರೀಕ್ಷಿತವಾದ ಸತ್ಯವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಕಣ್ಣಿಗೆ ಹೇಗೋ ಕಿವಿಗೂ ಹಾಗೆಯೇ ಅನ್ವಯಿಸುತ್ತದೆ. ಬೆಲೆಯುಳ್ಳ ಹೆಡ್‌ಫೋನುಗಳನ್ನು ಹೋಲಿಸುವ ಈಗಿನ ರೂಢಿಯಲ್ಲಿ ಎರಡು ದೋಷಗಳಿವೆಯೆಂಬುದು ನಮ್ಮ ಅಭಿಪ್ರಾಯ. ನಾದದ ಗುಣವನ್ನು ಬೆಲೆಯಿಂದಲೂ ಕಣ್ಣಿನಿಂದಲೂ ಅಳೆಯುವುದು ಮೊದಲನೆಯ ದೋಷ. ಧರಿಸುವವನ ಸುಖವನ್ನು ನಾದಕ್ಕೆ ಸಂಬಂಧವಿಲ್ಲದ ಸಣ್ಣ ವಿಷಯವೆಂದು ಬದಿಗಿಡುವುದು ಎರಡನೆಯ ದೋಷ.

ಮೊದಲು ಉಪಕರಣದ ರಚನೆಯನ್ನು ಸ್ವಲ್ಪ ನೋಡೋಣ. ಹೆಡ್‌ಫೋನು ಎಂಬುದು ಕಿವಿಯ ಬಳಿಗೆ ತಂದ ಪುಟ್ಟ ಧ್ವನಿವರ್ಧಕವೇ ಹೊರತು ಬೇರೆಯಲ್ಲ. ತೆಳುವಾದ ಪೊರೆಯೊಂದು ವಿದ್ಯುತ್ತಿನ ಏರಿಳಿತಕ್ಕೆ ಅನುಸಾರವಾಗಿ ಅಲುಗಾಡಿ ಗಾಳಿಯಲ್ಲಿ ಅಲೆಗಳನ್ನೆಬ್ಬಿಸುತ್ತದೆ. ಪೊರೆಯನ್ನು ಅಲುಗಿಸುವ ಕ್ರಮ ಮುಖ್ಯವಾಗಿ ಮೂರು ಬಗೆಯದು. ಪೊರೆಗೆ ಅಂಟಿಸಿದ ತಂತಿಯ ಸುರುಳಿಯು ಅಯಸ್ಕಾಂತದ ಕ್ಷೇತ್ರದಲ್ಲಿ ಚಲಿಸುವುದು ಮೊದಲನೆಯದು. 1937ರಲ್ಲಿ ಬರ್ಲಿನ್ನಿನ ಬೇಯರ್ ಸಂಸ್ಥೆಯವರು ಹೊರತಂದ ಡಿಟಿ 48 ಈ ಜಾತಿಗೆ ಮೊದಲಿಗ. ವಾಹಕವನ್ನು ಪೊರೆಯ ಮೈಮೇಲೆಲ್ಲ ಹರಡಿ, ಅದನ್ನು ಅಯಸ್ಕಾಂತಗಳ ಸಾಲಿನೆದುರು ನಿಲ್ಲಿಸುವುದು ಎರಡನೆಯದು. ರಂಧ್ರಗಳುಳ್ಳ ಎರಡು ಫಲಕಗಳ ನಡುವೆ ವಿದ್ಯುದಾವೇಶವುಳ್ಳ ಅತಿ ತೆಳುವಾದ ಪೊರೆಯನ್ನು ಬಿಗಿದು, ವಿದ್ಯುತ್ತಿನ ಸೆಳೆತದಿಂದಲೇ ಅದನ್ನು ಕುಣಿಸುವುದು ಮೂರನೆಯದು. ಜಪಾನಿನ ಸ್ಟ್ಯಾಕ್ಸ್ ಸಂಸ್ಥೆಯವರು 1960ರಲ್ಲಿ ಮಾರಾಟಕ್ಕೆ ತಂದ ಎಸ್‌ಆರ್-1 ಇದಕ್ಕೆ ಮೊದಲ ನಿದರ್ಶನ. ಮೂರು ಬಗೆಗಳಲ್ಲಿಯೂ ಶ್ರೇಷ್ಠವಾದುವು ಇವೆ, ಸಾಧಾರಣವಾದುವೂ ಇವೆ. ಆದುದರಿಂದ ರಚನೆಯ ಹೆಸರನ್ನು ಕೇಳಿದ ಮಾತ್ರಕ್ಕೆ ನಾದದ ಗುಣವನ್ನು ನಿರ್ಣಯಿಸಲಾಗದು.

ಹಾಗಾದರೆ ಬೆಲೆಯಾದರೂ ನಂಬತಕ್ಕ ಅಳತೆಗೋಲೇ? 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಮಂದ್ರ, ಮಧ್ಯ, ತಾರ ಎಂಬ ನಾದಗಳನ್ನು ಉಪಕರಣವು ಯಾವ ಯಾವ ಪ್ರಮಾಣದಲ್ಲಿ ನುಡಿಸುತ್ತದೆ ಎಂಬುದಕ್ಕೂ ಅಂಗಡಿಯ ಬೆಲೆಗೂ ಯಾವ ಸಂಬಂಧವೂ ಕಂಡುಬರಲಿಲ್ಲವೆಂಬುದೇ ಅವರ ನಿರ್ಣಯ. ಬೆಲೆಯು ಲೋಹ, ಚರ್ಮ, ಕೈಕೆಲಸ, ಹೆಸರು ಇವುಗಳಿಗೂ ಸಲ್ಲುತ್ತದೆ. ಅವುಗಳಿಗೆ ಹಣ ಕೊಡುವುದು ತಪ್ಪಲ್ಲ. ನಾದಕ್ಕೆಂದೇ ಕೊಟ್ಟೆವೆಂದು ಭ್ರಮಿಸುವುದು ತಪ್ಪು.

ಒಳ್ಳೆಯ ನಾದವೆಂದರೇನು ಎಂಬ ಪ್ರಶ್ನೆಯೂ ತೋರುವಷ್ಟು ಸುಲಭವಲ್ಲ. ಎಲ್ಲ ಕಂಪನಸಂಖ್ಯೆಗಳನ್ನೂ ಸಮನಾಗಿ ನುಡಿಸುವುದೇ ಗುಣವೆಂದು ಮೊದಲಿಗೆ ತೋರಬಹುದು. ಆದರೆ ನಮ್ಮ ಕರ್ಣನಾಳವು ಸುಮಾರು 25 ಮಿಲಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆಯಾಗಿರುವುದರಿಂದ, ಸೆಕೆಂಡಿಗೆ ಸುಮಾರು 3,000 ಕಂಪನಗಳುಳ್ಳ ನಾದವನ್ನು ತಾನೇ ವೃದ್ಧಿಪಡಿಸುತ್ತದೆ. ಎದುರಿಗೆ ಕುಳಿತು ಹಾಡುವವರ ಧ್ವನಿಯನ್ನು ಹೊರಗಿವಿಯೂ ಭುಜವೂ ತಲೆಯೂ ಅಷ್ಟಿಷ್ಟು ಮಾರ್ಪಡಿಸುತ್ತವೆ; ಆ ಮಾರ್ಪಾಟಿಗೆ ನಮ್ಮ ಮೆದುಳು ಹುಟ್ಟಿನಿಂದಲೂ ಒಗ್ಗಿಕೊಂಡಿದೆ. ಕಿವಿಯ ಮೇಲೆಯೇ ಕುಳಿತ ಹೆಡ್‌ಫೋನು ಇದರಲ್ಲಿ ಬಹುಭಾಗವನ್ನು ತಪ್ಪಿಸಿಬಿಡುವುದರಿಂದ, ತಪ್ಪಿದುದನ್ನು ಅದು ತಾನೇ ತುಂಬಿಕೊಡಬೇಕು. 2012ರಲ್ಲಿ ಅಮೆರಿಕದ ಹರ್ಮನ್ ಸಂಸ್ಥೆಯ ಷಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಎಂಬವರು ಆರು ಹೆಡ್‌ಫೋನುಗಳನ್ನು, ಯಾವುದು ಯಾವುದೆಂದು ತಿಳಿಯಗೊಡದೆ, ನುರಿತ ಕೇಳುಗರ ಮುಂದಿಟ್ಟರು. ಕೇಳುಗರು ಮೆಚ್ಚಿದುದು ಮಂದ್ರವನ್ನಾಗಲಿ ತಾರವನ್ನಾಗಲಿ ಉಬ್ಬಿಸಿ ಬೆರಗುಗೊಳಿಸಿದುದನ್ನಲ್ಲ; ಬಣ್ಣ ಹಚ್ಚದೆ ಸಮತೋಲವಾಗಿ ನುಡಿದುದನ್ನು.

ತಿಳಿಯಗೊಡದೆ ಎಂಬ ಮಾತನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಹೆಸರನ್ನೂ ಬೆಲೆಯನ್ನೂ ಕಂಡ ಮೇಲೆ ಕಿವಿಯು ನಿಷ್ಪಕ್ಷಪಾತವಾದ ನ್ಯಾಯಾಧೀಶನಾಗಿ ಉಳಿಯುವುದಿಲ್ಲ. ಇದಕ್ಕಿಂತಲೂ ಗುಪ್ತವಾದ ಇನ್ನೊಂದು ಮೋಸವಿದೆ. ಅದು ನಾದದ ಗಟ್ಟಿತನದ್ದು. ಧ್ವನಿ ಮೆಲ್ಲಗಾದಂತೆ ಮಂದ್ರನಾದವನ್ನು ಗ್ರಹಿಸುವ ಶಕ್ತಿ ನಮ್ಮ ಕಿವಿಯಲ್ಲಿ ಬೇಗನೆ ಕುಗ್ಗುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದರು. ಆದಕಾರಣ ಒಂದೇ ಗೀತವನ್ನು ತುಸು ಗಟ್ಟಿಯಾಗಿ ಕೇಳಿದರೆ ಅದು ತುಂಬಿದಂತೆ ತೋರುತ್ತದೆ. ಒಂದೆರಡು ಡೆಸಿಬೆಲ್‌ಗಳ ವ್ಯತ್ಯಾಸವನ್ನು ನಾವು ಗಟ್ಟಿಯೆಂದು ಗುರುತಿಸದೆ ಉತ್ತಮವೆಂದು ಗುರುತಿಸುತ್ತೇವೆ. ಒಂದೇ ಯಂತ್ರಕ್ಕೆ ಎರಡು ಹೆಡ್‌ಫೋನುಗಳನ್ನು ಸರದಿಯಂತೆ ತಗುಲಿಸಿದಾಗ ಎರಡೂ ಸಮನಾದ ಗಟ್ಟಿತನದಿಂದ ನುಡಿಯುವುದು ಅಪರೂಪ. ಹೀಗಿರುವಲ್ಲಿ, ಅಂಗಡಿಯಲ್ಲಿ ಐದು ನಿಮಿಷ ಕೇಳಿ ಕೊಟ್ಟ ತೀರ್ಪು ಅನೇಕ ವೇಳೆ ಗುಣದ ತೀರ್ಪಲ್ಲ, ಗಟ್ಟಿತನದ ತೀರ್ಪು.

ಇನ್ನು ಸುಖದ ವಿಚಾರ. ಸುಖವೆಂಬುದು ಅವರವರಿಗೆ ಬಿಟ್ಟ ವಿಷಯ, ಅದಕ್ಕೆ ಅಳತೆಯೆಲ್ಲಿ ಎಂದು ಕೆಲವರು ಕೇಳುತ್ತಾರೆ. ಅಳತೆ ಇಲ್ಲದೆ ಇಲ್ಲ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯವರ ಎಚ್‌ಡಿ 800 ಎಸ್ ತಂತಿಯನ್ನು ಬಿಟ್ಟು ಸುಮಾರು 330 ಗ್ರಾಂ ತೂಗುತ್ತದೆ. ಫ್ರಾನ್ಸಿನ ಫೋಕಲ್ ಸಂಸ್ಥೆಯವರು 2016ರಲ್ಲಿ ಹೊರತಂದ ಯುಟೋಪಿಯಾ ಸುಮಾರು 490 ಗ್ರಾಂ. ಅಮೆರಿಕದ ಆಡೀಜ಼್ ಸಂಸ್ಥೆಯವರ ಎಲ್‌ಸಿಡಿ-ಎಕ್ಸ್ ಸುಮಾರು 612 ಗ್ರಾಂ. ಅರ್ಧ ಕಿಲೋಗ್ರಾಮಿಗೂ ಮಿಕ್ಕ ಭಾರವನ್ನು ಎರಡು ಗಂಟೆಯ ಕಾಲ ತಲೆಯ ಮೇಲೆ ಹೊತ್ತು ರಾಗದ ಆಲಾಪನೆಯಲ್ಲಿ ತಲ್ಲೀನರಾಗುವುದು ಎಲ್ಲರಿಗೂ ಸಾಧ್ಯವಲ್ಲ. ತೂಕದಂತೆಯೇ ಪಟ್ಟಿಯು ತಲೆಯನ್ನು ಎರಡು ಬದಿಯಿಂದ ಒತ್ತುವ ಬಲವನ್ನೂ ಅಳೆಯಬಹುದು. ಮೆತ್ತೆಯೊಳಗೆ ಏರುವ ಉಷ್ಣತೆಯನ್ನೂ ಅಳೆಯಬಹುದು. ಅಳೆಯಬಲ್ಲುದನ್ನು ಅಳೆಯದೆ ಬಿಟ್ಟಿರುವುದು ನಮ್ಮ ಉದಾಸೀನವೇ ಹೊರತು ವಿಷಯದ ದೋಷವಲ್ಲ.

ಇಷ್ಟೇ ಅಲ್ಲದೆ, ಸುಖವೂ ನಾದವೂ ಬೇರೆ ಬೇರೆಯಲ್ಲವೆಂಬುದೇ ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಮಂದ್ರನಾದವು ಕಿವಿಗೆ ಮುಟ್ಟಬೇಕಾದರೆ, ಹೆಡ್‌ಫೋನಿನ ಪೊರೆಗೂ ಕಿವಿಯ ತಮಟೆಗೂ ನಡುವೆ ಸಿಕ್ಕಿರುವ ಗಾಳಿಯನ್ನು ಆ ಪೊರೆಯು ಒತ್ತಬೇಕು. ಮೆತ್ತೆ ಸರಿಯಾಗಿ ಕೂಡದೆ ಸಂದು ಬಿಟ್ಟರೆ, ವಾಷರು ಸವೆದ ಸೈಕಲ್ ಪಂಪಿನಂತೆ ಒತ್ತಡವೆಲ್ಲ ಸೋರಿಹೋಗುತ್ತದೆ. ಕನ್ನಡಕದ ಕಡ್ಡಿಯೊಂದು ಇಷ್ಟಕ್ಕೆ ಸಾಕು. ಬಿಗಿತವನ್ನು ತಾಳಲಾರದೆ ಪಟ್ಟಿಯನ್ನು ಸಡಿಲಿಸಿದವನೂ, ಬೆವರಿನಿಂದ ಬೇಸತ್ತು ಮೆತ್ತೆಯನ್ನು ಪಕ್ಕಕ್ಕೆ ಸರಿಸಿದವನೂ ತಮಗರಿವಿಲ್ಲದೆಯೇ ನಾದವನ್ನು ಕೆಡಿಸಿಕೊಳ್ಳುತ್ತಾರೆ. ಪ್ರಯೋಗಾಲಯದ ಕೃತಕ ತಲೆಯ ಮೇಲೆ ಶ್ರೇಷ್ಠವಾಗಿ ನುಡಿದ ಉಪಕರಣವು ನಮ್ಮ ತಲೆಯ ಮೇಲೆ ನೆಮ್ಮದಿಯಾಗಿ ಕೂಡದಿದ್ದರೆ ಆ ಶ್ರೇಷ್ಠತೆ ನಮ್ಮ ಪಾಲಿಗೆ ಇಲ್ಲದಂತೆಯೇ. 1968ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 414 ಹಗುರವಾಗಿಯೂ ಹಿಂಬದಿ ತೆರೆದುದಾಗಿಯೂ ಇದ್ದು, ಕಿವಿಯನ್ನು ಬಿಗಿದು ಮುಚ್ಚದೆಯೇ ಒಳ್ಳೆಯ ನಾದವನ್ನು ಕೊಡಬಹುದೆಂದು ತೋರಿಸಿತು. ಅದರ ಹಳದಿ ಸ್ಪಂಜಿನ ಮೆತ್ತೆಗಳು ಅಲಂಕಾರಕ್ಕಾಗಿ ಮಾತ್ರ ಇದ್ದುವಲ್ಲ.

ಇದಕ್ಕೆ ಪ್ರತಿಯಾಗಿ ಒಂದು ಆಕ್ಷೇಪಣೆ ಬರಬಹುದು. ಬೆಲೆಯಲ್ಲಿ ಅರ್ಥವಿಲ್ಲವಾದರೆ ಎಲ್ಲ ಹೆಡ್‌ಫೋನುಗಳೂ ಸಮವೇ? ಖಂಡಿತ ಅಲ್ಲ. ಬ್ರೇಬಾರ್ಟ್ ಅವರು ಪರಿಶೀಲಿಸಿದುದು ನಾದಗಳ ಪ್ರಮಾಣವನ್ನು ಮಾತ್ರ. ಎಡಬಲಗಳ ಹೊಂದಿಕೆ, ಗಟ್ಟಿಯಾಗಿ ನುಡಿಸಿದಾಗಲೂ ನಾದ ಒಡೆಯದಿರುವಿಕೆ, ಹತ್ತು ವರ್ಷ ಕಳೆದ ಮೇಲೂ ಮೆತ್ತೆ ತಂತಿಗಳು ದೊರೆಯುವ ಅನುಕೂಲ ಇವು ನಿಜವಾದ ಗುಣಗಳು. ಇವುಗಳಿಗೆ ಹಣ ಸಲ್ಲಬಹುದು. ಒಬ್ಬೊಬ್ಬರ ಹೊರಗಿವಿಯ ಆಕಾರವೂ ಬೇರೆಯಾದುದರಿಂದ ಒಂದೇ ಉಪಕರಣ ಇಬ್ಬರಿಗೆ ತುಸು ಬೇರೆಯಾಗಿ ಕೇಳಿಸುವುದೂ ನಿಜವೇ. ನಾವು ಹೇಳುವುದಿಷ್ಟೆ: ಗುಣವನ್ನು ಪರೀಕ್ಷೆಯಿಂದ ಕಂಡುಕೊಳ್ಳಬೇಕು, ಬೆಲೆಯಿಂದ ಊಹಿಸಬಾರದು.

ಈ ವಿವೇಚನೆಯಲ್ಲಿ ಹಣಕ್ಕಿಂತ ದೊಡ್ಡದಾದ ವಸ್ತುವೊಂದು ಪಣಕ್ಕಿದೆ. ಅದು ಕೇಳುವ ಶಕ್ತಿ. ವಾರಕ್ಕೆ 40 ಗಂಟೆಗಳ ಕಾಲ ಕೇಳುವುದಾದರೆ ಧ್ವನಿಯು 80 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ ಸುರಕ್ಷಿತ. ಒಳಗಿವಿಯ ಸೂಕ್ಷ್ಮವಾದ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಹಿಂಬದಿ ತೆರೆದ ಬೆಲೆಬಾಳುವ ಹೆಡ್‌ಫೋನನ್ನು ಬಸ್ಸಿನಲ್ಲಿ ಹಾಕಿಕೊಂಡವನು ಹೊರಗಿನ ಗದ್ದಲವನ್ನು ಮುಳುಗಿಸಲು ಧ್ವನಿಯನ್ನು ಏರಿಸಲೇಬೇಕಾಗುತ್ತದೆ. ಅಲ್ಲಿ ಸರಿಯಾಗಿ ಮುಚ್ಚಿಕೊಳ್ಳುವ ಅಗ್ಗದ ಹೆಡ್‌ಫೋನೇ ಅವನಿಗೆ ಹೆಚ್ಚು ಹಿತವಾದುದು. ಕಿವಿಯನ್ನು ಕಳೆದುಕೊಂಡವನಿಗೆ ಯುಟೋಪಿಯಾ ಇದ್ದೂ ಫಲವೇನು?

ಆದುದರಿಂದ ಹೋಲಿಸಿ ನೋಡಬಯಸುವ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇದು. ಚೆನ್ನಾಗಿ ಪರಿಚಯವಿರುವ ಧ್ವನಿಯನ್ನೇ ಆರಿಸಿಕೊಳ್ಳಿ. ತಂಬೂರಿಯ ಶ್ರುತಿಗಿಂತ ಒಳ್ಳೆಯ ಒರೆಗಲ್ಲು ದೊರೆಯುವುದು ಕಷ್ಟ. ಅದರ ಕುದುರೆಯ ವಿಶೇಷ ರಚನೆಯಿಂದ ಉಪಸ್ವರಗಳು ಎಷ್ಟು ಸಮೃದ್ಧವಾಗಿ ಹೊಮ್ಮುತ್ತವೆಂಬುದನ್ನು ಸರ್ ಸಿ. ವಿ. ರಾಮನ್ ಅವರು 1921ರಲ್ಲಿಯೇ ವಿವರಿಸಿದ್ದರು. ಆ ಉಪಸ್ವರಗಳು ಒಂದೊಂದೂ ಬಿಡಿಯಾಗಿ ಕೇಳುತ್ತವೆಯೇ ಎಂದು ಗಮನಿಸಿ. ಎರಡು ಹೆಡ್‌ಫೋನುಗಳ ಗಟ್ಟಿತನವನ್ನು ಸಾಧ್ಯವಾದಷ್ಟು ಸಮಮಾಡಿಕೊಳ್ಳಿ. ಕಣ್ಣು ಮುಚ್ಚಿಕೊಂಡು, ಮಿತ್ರನೊಬ್ಬನಿಂದ ಅವನ್ನು ತಲೆಗೆ ಏರಿಸಿಕೊಂಡು, ಹಲವು ಬಾರಿ ಅಭಿಪ್ರಾಯವನ್ನು ಬರೆಸಿ. ತೂಕ, ಬಿಗಿತಗಳಿಂದ ಗುರುತು ಸಿಗುವುದುಂಟು. ಪೂರ್ಣ ನಿಷ್ಪಕ್ಷಪಾತ ಸಾಧಿಸದಿದ್ದರೂ ಅರ್ಧ ಭ್ರಮೆಯಾದರೂ ಹರಿಯುತ್ತದೆ. ಕೊನೆಯದಾಗಿ, ಕನ್ನಡಕವಿದ್ದವರು ಅದನ್ನು ತೆಗೆಯದೆ, ಒಂದು ಗಂಟೆಯ ಕಾಲ ಹಾಕಿಕೊಂಡು ನೋಡಿ. ಗಂಟೆ ಕಳೆದ ಮೇಲೆ ತಲೆಯ ಮೇಲೆ ಅದಿದೆಯೆಂಬುದನ್ನೇ ಮರೆತಿದ್ದರೆ, ಬೆಲೆ ಎಷ್ಟೇ ಇರಲಿ, ನಿಮಗೆ ಒಪ್ಪುವ ಹೆಡ್‌ಫೋನು ಅದೇ.