ಯಂತ್ರದ ದೇಹವೂ ಯಂತ್ರದ ಬುದ್ಧಿಯೂ

ತುಮಕೂರು ಜಿಲ್ಲೆಯನ್ನು ಯಂತ್ರಗಳ ಜಿಲ್ಲೆಯನ್ನಾಗಿ ಮಾಡಬೇಕೆಂದು ಸರಕಾರದವರು ಸಂಕಲ್ಪಿಸಿರುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ವಸಂತನರಸಾಪುರದಲ್ಲಿ ಸುಮಾರು 530 ಎಕರೆಗಳಷ್ಟು ನೆಲವನ್ನು ಯಂತ್ರೋಪಕರಣಗಳ ಕೈಗಾರಿಕೆಗೆಂದೇ ಬೇರೆ ಮಾಡಿರುವರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಗಳ ಹೆಲಿಕಾಪ್ಟರ್ ಕಾರ್ಖಾನೆಯು 2023ನೆಯ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳಿಂದ ಉದ್ಘಾಟಿತವಾಯಿತು. ಇವೆರಡೂ ಜಿಲ್ಲೆಗೆ ಭೂಷಣಗಳೇ ಸರಿ. ಆದರೆ ನಾವು ಇಂದು ಪ್ರಸ್ತಾಪಿಸಬೇಕೆಂದಿರುವುದು ಇಷ್ಟು ದೊಡ್ಡ ಸಂಗತಿಯಲ್ಲ. ಕುಣಿಗಲು ತಾಲ್ಲೂಕಿನ ಕೊತ್ತಗೆರೆಯಂತಹ ಹೋಬಳಿಯ ಊರುಗಳಲ್ಲಿ, ಒಬ್ಬ ಬಡಗಿಯ ಮಳಿಗೆಯೊಳಗೆ ಹಿಡಿಸುವಂತಹ ಒಂದು ಯಂತ್ರದ ಮಾತು ಇದು. ಚಿಕ್ಕದೆಂದು ಇದನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಕಾರ್ಖಾನೆಗಳ ಹಣೆಬರಹವನ್ನೂ ಕೊನೆಗೆ ನಿರ್ಣಯಿಸುವ ಪ್ರಶ್ನೆಯೇ ಇದರಲ್ಲಿಯೂ ಅಡಗಿರುವುದು.

ಸಿ.ಎನ್.ಸಿ. ರೂಟರ್ ಎಂದು ಕರೆಯುವ ಈ ಯಂತ್ರವನ್ನು ನಮ್ಮ ಪಟ್ಟಣಗಳ ಮಹಾಜನರು ಕಂಡೇ ಇರಬೇಕು. ಉಕ್ಕಿನ ಒಂದು ಮೇಜು. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮೇಲಕ್ಕೂ ಕೆಳಕ್ಕೂ ಚಲಿಸುವ ಒಂದು ಸೇತುವೆ. ಆ ಸೇತುವೆಯಲ್ಲಿ ನಿಮಿಷಕ್ಕೆ 24,000 ಸುತ್ತಿನವರೆಗೂ ತಿರುಗಬಲ್ಲ ಕೊರೆಯುವ ಮೋಟಾರು. ದೇವರ ಮನೆಯ ಬಾಗಿಲಿನ ಕೆತ್ತನೆಯಿಂದ ಹಿಡಿದು ಅಡುಗೆಮನೆಯ ಕಪಾಟಿನ ಹಲಗೆಯವರೆಗೆ ಎಲ್ಲವನ್ನೂ ಇದು ಗಣಕಯಂತ್ರದ ಅಪ್ಪಣೆಯಂತೆ ಕೊರೆದುಕೊಡುವುದು. ಹತ್ತು ಹದಿನೈದು ವರ್ಷಗಳ ಹಿಂದೆ ಸಾಲ ಮಾಡಿ ಇಂತಹ ಯಂತ್ರಗಳನ್ನು ತಂದವರು ನಮ್ಮ ನಾಡಿನ ಸಣ್ಣ ಪಟ್ಟಣಗಳಲ್ಲಿ ಅನೇಕರಿರುವರು. ಈಗ ಆ ಯಂತ್ರಗಳಿಗೆ ಮುಪ್ಪು ಬಂದಿದೆಯೆಂದು ಮಾರಾಟಗಾರರು ಸಾರುತ್ತಿರುವರು. ನಮ್ಮ ಪ್ರಶ್ನೆ ಇಷ್ಟೇ: ಮುಪ್ಪು ಬಂದಿರುವುದು ಯಂತ್ರದ ಯಾವ ಭಾಗಕ್ಕೆ?

ಉಕ್ಕಿನ ಚೌಕಟ್ಟಿಗೆ ಹದಿನೈದು ವರ್ಷವೆಂಬುದು ಒಂದು ವಯಸ್ಸೇ ಅಲ್ಲ. ಹಳಿಗಳಿಗೂ ತಿರುಪುಗಳಿಗೂ ಕಾಲಕಾಲಕ್ಕೆ ಎಣ್ಣೆ ಬಿಟ್ಟು, ಹೊಟ್ಟನ್ನು ಕೊಡವುತ್ತಿದ್ದರೆ ಅವೂ ದೀರ್ಘಕಾಲ ಬಾಳುವುವು. ಸೋಲುವುದು ಯಂತ್ರದ ಬುದ್ಧಿ. ಎಂದರೆ, ಮೋಟಾರುಗಳಿಗೆ ಅಪ್ಪಣೆ ಕೊಡುವ ನಿಯಂತ್ರಕದ ಬೋರ್ಡು, ಅದಕ್ಕೆ ಜೋಡಿಸಿದ ಗಣಕಯಂತ್ರ ಮತ್ತು ಅದರೊಳಗಿನ ತಂತ್ರಾಂಶ. ಈ ಯಂತ್ರಗಳಲ್ಲಿ ಬಹಳಷ್ಟು ಗಣಕಯಂತ್ರದ ಬೆನ್ನಿನ 25 ಕಡ್ಡಿಗಳ ಪ್ಯಾರಲಲ್ ಪೋರ್ಟಿನ ಮೂಲಕವೋ ಒಳಗೆ ಸಿಕ್ಕಿಸಿದ ಕಾರ್ಡಿನ ಮೂಲಕವೋ ನಡೆಯುವಂತಹವು. ಅವುಗಳೊಡನೆ ಬಂದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ತಯಾರಕರ ಪೋಷಣೆ ನಿಂತದ್ದು 2014ನೆಯ ಏಪ್ರಿಲ್‌ನಲ್ಲಿ. ಅನಂತರ ಬಂದ ವಿಂಡೋಸ್ 7ಕ್ಕೆ 2020ನೆಯ ಜನವರಿಯಲ್ಲಿಯೂ, ವಿಂಡೋಸ್ 10ಕ್ಕೆ 2025ನೆಯ ಅಕ್ಟೋಬರ್‌ನಲ್ಲಿಯೂ ಅದೇ ಗತಿಯಾಯಿತು. ಹೊಸ ಗಣಕಯಂತ್ರಗಳಲ್ಲಿ ಹಳೆಯ ಪೋರ್ಟೂ ಇಲ್ಲ, ಹಳೆಯ ಕಾರ್ಡಿಗೆ ಜಾಗವೂ ಇಲ್ಲ. ಹೀಗೆ ಎಲ್ಲಿಯೋ ದೂರದಲ್ಲಿ ಒಂದು ಕಂಪನಿಯು ತನ್ನ ಅನುಕೂಲಕ್ಕಾಗಿ ಮಾಡಿಕೊಂಡ ತೀರ್ಮಾನವು ಕುಣಿಗಲು ಸೀಮೆಯ ಗಟ್ಟಿಮುಟ್ಟಾದ ಉಕ್ಕನ್ನು ಗುಜರಿಯನ್ನಾಗಿ ಮಾಡುವುದು. ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಳ್ಳುವರೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬೋರ್ಡು ಸುಟ್ಟಿತೆಂದು ಯಂತ್ರವನ್ನೇ ಮಾರಿಬಿಡುವವರನ್ನು ಕಂಡಿದ್ದರೆ ಅವರು ಏನೆನ್ನುತ್ತಿದ್ದರೋ!

ನಿಯಂತ್ರಕವನ್ನು ಮಾತ್ರ ಬದಲಾಯಿಸಿ ಯಂತ್ರವನ್ನು ಉಳಿಸಿಕೊಳ್ಳುವುದು ಸಾಧ್ಯವೆಂಬುದನ್ನು ಬಲ್ಲವರು ಬಲ್ಲರು. ಹೊಸ ಯಂತ್ರವೆಂದರೆ ಲಕ್ಷಗಳ ಲೆಕ್ಕ. ನಿಯಂತ್ರಕವೆಂದರೆ ಸಾಮಾನ್ಯವಾಗಿ ಸಾವಿರಗಳ ಲೆಕ್ಕ. ಇದು ಬರಿಯ ರಿಪೇರಿಯಲ್ಲ, ವೃದ್ಧಿಯೂ ಅಹುದು. ಒಂದು ಸುತ್ತಿಗೆ 200 ಹೆಜ್ಜೆಗಳನ್ನಿಡುವ ಸ್ಟೆಪ್ಪರ್ ಮೋಟಾರನ್ನು ಹೆಜ್ಜೆಗೆ ಎಂಟು ಭಾಗಗಳಂತೆ ನಡೆಸಿದರೆ ಸುತ್ತಿಗೆ 1,600 ಅಪ್ಪಣೆಗಳು ಬೇಕಾಗುವುವು. ತಿರುಪು ಒಂದು ಸುತ್ತಿಗೆ 5 ಮಿಲಿಮೀಟರು ಮುಂದೊಯ್ಯುವುದಾದರೆ, ಮಿಲಿಮೀಟರಿಗೆ 320 ಅಪ್ಪಣೆಗಳಾದುವು. ಹಳೆಯ ಏರ್ಪಾಡು ಸೆಕೆಂಡಿಗೆ 25,000 ಅಪ್ಪಣೆಗಳನ್ನು ಕಳುಹಿಸುವುದಾದರೆ ಯಂತ್ರವು ಸೆಕೆಂಡಿಗೆ 78 ಮಿಲಿಮೀಟರು, ಎಂದರೆ ನಿಮಿಷಕ್ಕೆ ಐದು ಮೀಟರಿಗೂ ಕಡಿಮೆ ಓಡಬಲ್ಲದು. ಚೌಕಟ್ಟು ಅದಕ್ಕಿಂತ ವೇಗವನ್ನು ತಾಳಬಲ್ಲುದಾದರೂ ಬುದ್ಧಿಯೇ ಅದರ ಕಾಲನ್ನು ಕಟ್ಟಿಹಾಕಿರುವುದು. ಲಕ್ಷಕ್ಕೂ ಮಿಕ್ಕಿ ಅಪ್ಪಣೆಗಳನ್ನು ತಾನೇ ಎಣಿಸಿ ಕಳುಹಿಸಬಲ್ಲ ಹೊಸ ಬೋರ್ಡು ಬಂದ ಕೂಡಲೆ ಆ ಕಟ್ಟು ಬಿಚ್ಚಿಹೋಗುವುದು. ಮೇಲಾಗಿ, ಹೆಜ್ಜೆ ತಪ್ಪಿದರೆ ತಾನೇ ಅರಿತುಕೊಂಡು ನಿಲ್ಲುವ ಮೋಟಾರುಗಳನ್ನೂ ಈಗ ಜೋಡಿಸಬಹುದಾಗಿದೆ. ಅರ್ಧ ಕೊರೆದ ಹಲಸಿನ ಬಾಗಿಲು ಒಂದೇ ತಪ್ಪು ಹೆಜ್ಜೆಯಿಂದ ಸೌದೆಯಾದಾಗಿನ ನಷ್ಟವೇನೆಂಬುದನ್ನು ಅನುಭವಿಸಿದವರಿಗೆ ಇದರ ಬೆಲೆ ಗೊತ್ತು.

ತಂತ್ರಾಂಶಕ್ಕೂ ಪರರ ಬಾಗಿಲನ್ನು ಕಾಯಬೇಕಾಗಿಲ್ಲ. ಅಮೆರಿಕದ ಸರಕಾರದ ಮಾಪನ ಸಂಸ್ಥೆಯು 1990ರ ದಶಕದಲ್ಲಿ ರೂಪಿಸಿ ಲೋಕಕ್ಕೆ ಬಿಟ್ಟುಕೊಟ್ಟ ನಿಯಂತ್ರಣ ತಂತ್ರಾಂಶವೊಂದು ಇಂದು ಲಿನಕ್ಸ್‌ಸಿಎನ್‌ಸಿ ಎಂಬ ಹೆಸರಿನಿಂದ ಬೆಳೆದು ನಿಂತಿದೆ. ನಾರ್ವೆ ದೇಶದ ತಂತ್ರಜ್ಞನೊಬ್ಬನು 2009ರಲ್ಲಿ ಆರಂಭಿಸಿದ ಜಿಆರ್‌ಬಿಎಲ್ ಎಂಬುದು ವಿದ್ಯಾರ್ಥಿಗಳ ಕೈಯಲ್ಲಿರುವ ಆರ್ಡುಯಿನೋ ಬೋರ್ಡಿನ ಮೇಲೆಯೇ ನಡೆಯುವುದು. ಇವೆರಡರ ಒಳಗುಟ್ಟೂ ಬಯಲಾಗಿಯೇ ಇರುವುದರಿಂದ ಯಾರೂ ಓದಬಹುದು, ತಿದ್ದಬಹುದು, ಕನ್ನಡದಲ್ಲಿ ವಿವರಿಸಬಹುದು. ಬಾವಿ ತೋಡಿಯಾಗಿದೆ, ನೀರೂ ಇದೆ. ಹಗ್ಗ ಹಿಡಿದು ಸೇದುವವರು ಬೇಕಾಗಿದ್ದಾರೆ.

ಹಾಗೆಂದು ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಿಕೊಳ್ಳಬೇಕೆಂದು ನಾವು ಹೇಳುವವರಲ್ಲ. ಚೌಕಟ್ಟು ಸೊಟ್ಟಗಾಗಿದ್ದರೆ, ಹಳಿಗಳು ಸವೆದು ಸಡಿಲವಾಗಿದ್ದರೆ, ಹೊಸ ಬುದ್ಧಿಯು ಹಳೆಯ ತಪ್ಪನ್ನೇ ಹೆಚ್ಚು ವೇಗವಾಗಿ ಮಾಡುವುದು. ಆದುದರಿಂದ ಮೊದಲು ದೇಹವನ್ನು ಪರೀಕ್ಷಿಸಬೇಕು. ಕೊರೆಯುವ ಮೋಟಾರಿನ ವೇಗ ನಿಯಂತ್ರಕದಿಂದ ಹೊರಡುವ ವಿದ್ಯುತ್ತಿನ ಗದ್ದಲವು ಪಕ್ಕದ ತಂತಿಗಳನ್ನು ಹೊಕ್ಕು, ಯಂತ್ರವು ಕಾರಣವಿಲ್ಲದೆ ನಿಲ್ಲುವಂತೆಯೂ ದಿಕ್ಕುತಪ್ಪುವಂತೆಯೂ ಮಾಡುವುದುಂಟು. ಅದಕ್ಕೆ ಕವಚವುಳ್ಳ ತಂತಿಯೂ ಸರಿಯಾದ ಅರ್ಥಿಂಗೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಪಾಯದ ಕೆಂಪು ಗುಂಡಿಯನ್ನು ಒತ್ತಿದಾಗ ಮೋಟಾರುಗಳ ಶಕ್ತಿಯೇ ತಂತಿಯ ಮಟ್ಟದಲ್ಲಿ ಕಡಿದುಹೋಗಬೇಕು. ತಂತ್ರಾಂಶದ ದಯೆಯನ್ನು ನಂಬಿ ಬೆರಳುಗಳನ್ನು ಒಡ್ಡುವಂತಿಲ್ಲ. ಅರೆಬರೆ ತಿಳಿದವರು ಅಗ್ಗವಾಗಿ ಮಾಡಿದ ನವೀಕರಣವು ಗುಜರಿಗಿಂತಲೂ ಕೆಟ್ಟದ್ದು. ತಿಳಿವಳಿಕೆಯುಳ್ಳ ಕೈಗಳು ಬೇಕೆಂಬ ನಮ್ಮ ವಾದಕ್ಕೆ ಇದೂ ಒಂದು ಆಧಾರ.

ಗಣಕದ ಯಂತ್ರ ಬಂದು ಕೆತ್ತನೆಯ ಆಚಾರಿಯ ಅನ್ನವನ್ನು ಕಿತ್ತುಕೊಂಡಿತು, ಅದನ್ನು ಉಳಿಸುವ ಮಾತೇಕೆ, ಎನ್ನುವವರೂ ಇರುವರು. ಅವರ ವ್ಯಥೆಯನ್ನು ನಾವು ಅಲ್ಲಗಳೆಯಲಾರೆವು. ಆದರೆ ಯಂತ್ರವು ಬಂದಾಗಿದೆ. ಹೋಬಳಿಯ ಮಳಿಗೆಯಲ್ಲಿರುವ ಯಂತ್ರವು ಗುಜರಿಗೆ ಹೋದರೆ ಕೆಲಸವು ಉಳಿಯನ್ನು ಹಿಡಿದ ಕೈಗೆ ಮರಳುವುದಿಲ್ಲ. ದೂರದ ದೊಡ್ಡ ಕಾರ್ಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾಗುವ ಬಾಗಿಲಿಗೆ ಹೋಗುವುದು. ಮರದ ನಾರಿನ ಗುಣವನ್ನೂ ಕೆತ್ತನೆಯ ಲಕ್ಷಣವನ್ನೂ ಬಲ್ಲವನೇ ಯಂತ್ರಕ್ಕೆ ಒಡೆಯನಾಗಿ ಊರಿನಲ್ಲಿಯೇ ಉಳಿಯುವನೋ, ಕೂಲಿಯಾಗಿ ಪಟ್ಟಣವನ್ನು ಸೇರುವನೋ ಎಂಬುದು ಇಲ್ಲಿಯ ನಿಜವಾದ ಪ್ರಶ್ನೆ.

ದೇಹವು ಗಟ್ಟಿಯಾಗಿದ್ದೂ ಬುದ್ಧಿಯು ಕಾಲಕ್ಕೆ ಹಿಂದಾದರೆ ಏನಾಗುವುದೆಂಬುದಕ್ಕೆ ತುಮಕೂರಿನವರು ದೂರ ಹೋಗಿ ಸಾಕ್ಷ್ಯವನ್ನು ಹುಡುಕಬೇಕಾಗಿಲ್ಲ. 1978ರಲ್ಲಿ ಇಲ್ಲಿ ಸ್ಥಾಪಿತವಾದ ಹೆಚ್.ಎಂ.ಟಿ. ಗಡಿಯಾರ ಕಾರ್ಖಾನೆಯು ಒಂದು ಕಾಲಕ್ಕೆ ಜಿಲ್ಲೆಯ ಹೆಮ್ಮೆಯಾಗಿತ್ತು. ಕೀಲಿ ಕೊಡುವ ಗಡಿಯಾರದಿಂದ ಕ್ವಾರ್ಟ್ಜ್ ಗಡಿಯಾರಕ್ಕೆ ಲೋಕವು ಹೊರಳಿದಾಗ, 1984ರಲ್ಲಿ ಹುಟ್ಟಿದ ಟೈಟನ್ ಕಂಪನಿಯು ಕ್ವಾರ್ಟ್ಜನ್ನೇ ನೆಚ್ಚಿ ಮುಂದೆ ಹೋಯಿತು, ಹೆಚ್.ಎಂ.ಟಿ. ಆ ಓಟದಲ್ಲಿ ಹಿಂದುಳಿಯಿತು. ಅವನತಿಗೆ ಕಾರಣಗಳು ಹಲವಿದ್ದುವು. ಇದು ಅವುಗಳಲ್ಲಿ ಸಣ್ಣದಲ್ಲ. 2016ರಲ್ಲಿ ಕೇಂದ್ರ ಸರಕಾರವು ಗಡಿಯಾರದ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಇಲ್ಲಿಯ ಭೂಮಿಯು ಇಸ್ರೋ ಸಂಸ್ಥೆಗೆ ಸೇರಿತು. ಅಲ್ಲಿ ದುಡಿದ ಕೈಗಳ ಸೂಕ್ಷ್ಮ ಕೌಶಲಕ್ಕೆ ಕೊರತೆಯಿರಲಿಲ್ಲ. ಒಳಗಿನ ಬುದ್ಧಿಯನ್ನು ಕಾಲಕ್ಕೆ ತಕ್ಕಂತೆ ಬದಲಾಯಿಸುವ ತ್ವರೆಗೆ ಕೊರತೆಯಿತ್ತು.

ಲೋಕದ ಇತಿಹಾಸವೂ ಇದನ್ನೇ ಹೇಳುವುದು. ಅಂಕಿಗಳಿಂದ ಯಂತ್ರವನ್ನು ನಡೆಸುವ ಕಲ್ಪನೆಯು ಹುಟ್ಟಿದ್ದೇ ಹೆಲಿಕಾಪ್ಟರಿನ ರೆಕ್ಕೆಗಳಿಗಾಗಿ. ಅಮೆರಿಕದ ಜಾನ್ ಪಾರ್ಸನ್ಸ್ ಎಂಬವರು ಆ ರೆಕ್ಕೆಗಳ ಅಚ್ಚುಗಳನ್ನು ನಿಖರವಾಗಿ ಮಾಡುವ ಬಗೆಯನ್ನು ಹುಡುಕುತ್ತ ಈ ದಾರಿಯನ್ನು ಕಂಡರು, 1952ರಲ್ಲಿ ಎಂ.ಐ.ಟಿ. ಸಂಸ್ಥೆಯವರು ಅಂತಹ ಯಂತ್ರವನ್ನು ಮೊದಲ ಬಾರಿಗೆ ನಡೆಸಿ ತೋರಿಸಿದರು. ಆ ಯಂತ್ರವೂ ಹೊಸದಾಗಿ ಎರಕ ಹೊಯ್ದುದಲ್ಲ; ಇದ್ದ ಒಂದು ಮಿಲ್ಲಿಂಗ್ ಯಂತ್ರಕ್ಕೆ ಹೊಸ ಬುದ್ಧಿಯನ್ನು ಜೋಡಿಸಿದ್ದು! ಎಂದರೆ ಈ ವಿದ್ಯೆಯ ಮೊದಲ ಹೆಜ್ಜೆಯೇ ಒಂದು ನವೀಕರಣವಾಗಿತ್ತು. ಮುಂದೆ 1987ರಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಯಂತ್ರಗಳಿಗೆ ನಾರ್ವೆಯ ಕಾಂಗ್ಸ್‌ಬರ್ಗ್ ಸಂಸ್ಥೆಯ ನಿಯಂತ್ರಕಗಳನ್ನು ಕೂಡಿಸಿ ಸೋವಿಯತ್ ದೇಶಕ್ಕೆ ಮಾರಿದ ಸಂಗತಿ ಹೊರಬಿದ್ದಾಗ ಅಮೆರಿಕದಲ್ಲಿ ಎದ್ದ ಕೋಲಾಹಲವನ್ನು ನೆನೆಯಬಹುದು. ಉಕ್ಕಿನಷ್ಟೇ ನಿಯಂತ್ರಕವೂ ರಾಜ್ಯಗಳ ಬಲಾಬಲವನ್ನು ತೂಗುವ ವಸ್ತುವೆಂಬುದು ಅಂದು ಲೋಕಕ್ಕೆ ವಿದಿತವಾಯಿತು.

ನಮ್ಮ ದೇಶದಲ್ಲಿ ಒಳ್ಳೆಯ ಯಂತ್ರೋಪಕರಣಗಳು ತಯಾರಾಗುತ್ತಿರುವುವು. ಬೆಂಗಳೂರಿನಲ್ಲಿ 1953ರಲ್ಲಿ ಹೆಚ್.ಎಂ.ಟಿ.ಯೂ, ತುಮಕೂರು ರಸ್ತೆಯಲ್ಲಿ 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಶೋಧನ ಸಂಸ್ಥೆಯೂ ಹಾಕಿದ ತಳಹದಿಯ ಮೇಲೆ ಪೀಣ್ಯದ ಉದ್ಯಮಿಗಳು ದೊಡ್ಡ ಕಟ್ಟಡವನ್ನೇ ಎಬ್ಬಿಸಿರುವರು. ಆದರೂ ಆ ಯಂತ್ರಗಳ ಮುಖದ ಮೇಲಿನ ನಿಯಂತ್ರಕವನ್ನು ನೋಡಿದರೆ ಬಹುಮಟ್ಟಿಗೆ ಜಪಾನಿನ ಫ್ಯಾನಕ್ ಅಥವಾ ಜರ್ಮನಿಯ ಸೀಮೆನ್ಸ್ ಎಂಬ ಹೆಸರು ಕಾಣುವುದು. ದೇಹವು ನಮ್ಮದು, ಬುದ್ಧಿಯು ಪರರದು. ರಾಜಕೀಯ ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆದಮೇಲೆಯೂ ಈ ಸ್ಥಿತಿಯನ್ನು ಸಹಜವೆಂದು ಒಪ್ಪಿಕೊಳ್ಳುವುದು ನಮ್ಮಿಂದಾಗದು. ಸ್ವಂತ ನಿಯಂತ್ರಕವನ್ನು ಕಟ್ಟುವ ತಂತ್ರಜ್ಞರು ಆಕಾಶದಿಂದ ಇಳಿದು ಬರುವುದಿಲ್ಲ. ಹಳೆಯ ನಿಯಂತ್ರಕವನ್ನು ಬಿಚ್ಚಿ, ಅದರ ತಂತಿಗಳನ್ನು ಗುರುತಿಸಿ, ಹೊಸದನ್ನು ಜೋಡಿಸಿ ಪಳಗಿದವರ ನಡುವಿನಿಂದಲೇ ಅವರು ಏಳಬೇಕು. ಹೋಬಳಿಯ ರಿಪೇರಿಯ ಮೇಜೇ ಆ ವಿದ್ಯೆಗೆ ಅಕ್ಷರಾಭ್ಯಾಸದ ಮರಳು.

ಇದಕ್ಕೆ ಬೇಕಾದ ಸಾಧನಗಳು ಸರಕಾರದ ಕೈಯಲ್ಲಿಯೇ ಇರುವುವು. ರಾಜ್ಯದ 150 ಐ.ಟಿ.ಐ.ಗಳನ್ನು 4,700 ಕೋಟಿ ರೂಪಾಯಿಗೂ ಮಿಕ್ಕ ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳನ್ನಾಗಿ ಮಾರ್ಪಡಿಸಿ 2022ನೆಯ ಜೂನ್‌ನಲ್ಲಿ ನಾಡಿಗೆ ಅರ್ಪಿಸಲಾಯಿತು. ಅಲ್ಲಿಯ ಹೊಸ ಯಂತ್ರಗಳ ಮೇಲೆ ಗುಂಡಿಯೊತ್ತಲು ಕಲಿಯುವುದು ವಿದ್ಯೆಯ ಅರ್ಧವೇ ಸರಿ. ಸುಟ್ಟ ಬೋರ್ಡಿನ ಯಂತ್ರಕ್ಕೆ ಮರಳಿ ಜೀವ ಕೊಡುವುದು ಉಳಿದರ್ಧ. ಪಾಠದ ಕ್ರಮದಲ್ಲಿ ನವೀಕರಣವನ್ನು ಸೇರಿಸಿ, ವಾರಕ್ಕೊಂದು ದಿನ ಸುತ್ತಣ ಮಳಿಗೆಗಳವರು ತಮ್ಮ ತೊಡಕುಗಳನ್ನು ತರಲು ಬಾಗಿಲು ತೆರೆದರೆ ವಿದ್ಯಾರ್ಥಿಗಳಿಗೂ ಊರಿಗೂ ಲಾಭ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಂತಹ ಸಂಸ್ಥೆಗಳವರೂ ಇದರಲ್ಲಿ ಕೈಗೂಡಿಸಬಹುದು.

ಎರಡನೆಯದು, ಸಾಲದ ವಿಷಯ. 2023ನೆಯ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯು ಕೈಕಸುಬಿನ ಬಡಗಿಗೆ ಉಪಕರಣಗಳಿಗಾಗಿ 15,000 ರೂಪಾಯಿಗಳನ್ನೂ, ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿಗಳವರೆಗೆ ಶೇಕಡಾ 5ರ ಬಡ್ಡಿಯ ಸಾಲವನ್ನೂ ಗೊತ್ತುಮಾಡಿತು. ಕೈಕಸುಬಿನಿಂದ ಒಂದು ಮೆಟ್ಟಿಲು ಮೇಲೇರಿ ಯಂತ್ರವನ್ನಿಟ್ಟುಕೊಂಡವನಿಗೂ, ಅದನ್ನು ನವೀಕರಿಸಿಕೊಳ್ಳಲು ಇಂತಹ ಅಲ್ಪಬಡ್ಡಿಯ ಆಸರೆ ದೊರೆಯಬೇಕು. ಹೊಸದನ್ನು ಕೊಳ್ಳುವವನಿಗೆ ಮಾತ್ರ ಕೈ ಬಿಚ್ಚಿ, ಇದ್ದುದನ್ನು ಉಳಿಸಿಕೊಳ್ಳುವವನಿಗೆ ಮುಷ್ಟಿ ಬಿಗಿಹಿಡಿಯುವುದು ಮಿತವ್ಯಯದ ನೀತಿಯಲ್ಲ.

ಮೂರನೆಯದು, ಮಾರಾಟಗಾರರ ಹೊಣೆ. ಯಂತ್ರವನ್ನು ಮಾರುವವನು ಅದರ ತಂತಿಗಳ ನಕ್ಷೆಯನ್ನೂ ನಿಯಂತ್ರಕದಲ್ಲಿ ತುಂಬಿದ ಅಂಕಿಗಳ ಪಟ್ಟಿಯನ್ನೂ ಕೊಳ್ಳುವವನಿಗೆ ಒಪ್ಪಿಸಲೇಬೇಕೆಂಬ ವಿಧಿಯಾಗಬೇಕು. ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ಸಮಿತಿಯನ್ನು ರಚಿಸಿದಾಗ ಕೃಷಿ ಸಾಧನ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳನ್ನು ಎತ್ತಿಕೊಂಡಿತು. ಸಣ್ಣ ಮಳಿಗೆಯ ಯಂತ್ರವು ಐದನೆಯದಾಗಬೇಕು. ಮೊಬೈಲು ಕೆಟ್ಟರೆ ಮಾತು ನಿಲ್ಲುವುದು; ಈ ಯಂತ್ರ ಕೆಟ್ಟರೆ ಒಂದು ಮನೆಯ ಒಲೆ ನಿಲ್ಲುವುದು.

ಮಳಿಗೆಗಳ ಒಡೆಯರಿಗೂ ಒಂದು ಮಾತು. ಎಲ್ಲವನ್ನೂ ಸರಕಾರವೇ ಮಾಡಲೆಂದು ಕುಳಿತಿರುವುದು ಪುರುಷಪ್ರಯತ್ನವೆನಿಸದು. ಯಂತ್ರವು ನಡೆಯುತ್ತಿರುವಾಗಲೇ ಅದರ ಅಂಕಿಗಳನ್ನು ಬರೆದಿಟ್ಟುಕೊಳ್ಳಿರಿ. ತಂತಿಗಳಿಗೆ ಗುರುತು ಕಟ್ಟಿರಿ. ನಾಲ್ಕಾರು ಮಂದಿ ಕೂಡಿ ಒಂದು ಬಿಡಿ ಬೋರ್ಡನ್ನು ಸಂಗ್ರಹಿಸಿಡಿರಿ. ಮನೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ಇದ್ದರೆ ಈ ವಿದ್ಯೆಗೆ ಹಚ್ಚಿರಿ. ಸರಕಾರದವರು ವಸಂತನರಸಾಪುರದ ಎಕರೆಗಳನ್ನು ಎಣಿಸುವಂತೆಯೇ, ಕೊತ್ತಗೆರೆ ಹೋಬಳಿಯಲ್ಲಿ ಇಂತಹ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲವರು ಎಷ್ಟು ಮಂದಿ ಇರುವರೆಂಬುದನ್ನೂ ಎಣಿಸುವ ಕಾಲ ಬರಲಿ. ಜಿಲ್ಲೆಯ ಕೈಗಾರಿಕೆಯ ನಿಜವಾದ ಅಳತೆ ಆ ಸಂಖ್ಯೆಯೇ ಎಂದು ನಾವು ಭಾವಿಸಿರುವೆವು.